ಕ್ಯಾಮೆರಾ ಎತ್ತ ತಿರುಗಿಸಲಿ?

ಹೋದ ವರ್ಷ ಶಿರಸಿ ಹತ್ತಿರದ ಒಂದು ಹಳ್ಳಿಯಲ್ಲಿ ಏಣಿ ಹತ್ತಿ ನಿಂತಿದ್ದೆ. ಅಣ್ಣ ತಮ್ಮಂದಿರು ಹಿಸ್ಸೆ ಮಾಡಿಕೊಂಡ ಮನೆ. ನಡುವೆ ಗೋಡೆ ಬಂದಿದೆ, ಅಂಗಳ ಮಾತ್ರ ಇನ್ನೂ ಒಂದೇ. ಅಣ್ಣನ ಎರಡು ಚೀಲ ಚಾಲಿ, ಅಂದರೆ ಒಣಗಿಸಿದ ಅಡಿಕೆ, ರಾತ್ರೋರಾತ್ರಿ ಹೋಗಿತ್ತು. ಅದಕ್ಕೇ ಕ್ಯಾಮೆರಾ. ಮಾಡಿನ ತುದಿಗೆ ಸ್ಕ್ರೂ ಬಿಗಿ ಮಾಡುತ್ತಿದ್ದಾಗ ತಮ್ಮನ ಹೆಂಡತಿ ಹೊರಗೆ ಬಂದರು. ಅರವತ್ತು ದಾಟಿದವರು. ಸ್ವಲ್ಪ ಹೊತ್ತು ಸುಮ್ನೆ ನೋಡಿ ಕೇಳಿದರು:

"ತಮಾ, ಅದ್ರಲ್ಲಿ ಯಂಗಳ ಬಚ್ಚಲಮನೆ ಬಾಗ್ಲು ಕಾಣ್ತಾ?"

ಮೊಬೈಲ್ ತೆಗೆದು ನೋಡಿದೆ. ಕಾಣುತ್ತಿತ್ತು. ಬಾಗಿಲು, ಬಚ್ಚಲೊಲೆಯ ಹೊಗೆ, ಬಟ್ಟೆ ಹರವುವ ಸರಿಗೆ, ಎಲ್ಲ.

ಹದಿನಾಲ್ಕು ವರ್ಷದಿಂದ ಶಿರಸಿ, ಕುಮಟಾ, ಕಾರವಾರ ಅಂತ ಸಿಸಿ ಕ್ಯಾಮೆರಾ ಹಾಕುತ್ತಾ ತಿರುಗುತ್ತಿದ್ದೇನೆ. ಜನ ನನ್ನ ಹತ್ತಿರ ಹೇಳುವ ಮಾತು ಒಂದೇ: "ಭದ್ರತೆ ಬೇಕು ಅಂದ್ರೆ ಸ್ವಲ್ಪ ಖಾಸಗಿತನ ಬಿಡಬೇಕಪ್ಪಾ." ತಕ್ಕಡಿಯ ಒಂದು ತಟ್ಟೆ ಏರಿದರೆ ಇನ್ನೊಂದು ಇಳಿಯಲೇಬೇಕು ಅನ್ನುವ ಹಾಗೆ. ಏಣಿ ಮೇಲೆ ನಿಂತು ನೋಡಿದವನಿಗೆ ಹಾಗೆ ಕಾಣುವುದಿಲ್ಲ. ಎಷ್ಟೋ ಕಡೆ ಒಂದೇ ತಪ್ಪು ಎರಡನ್ನೂ ಕೆಡಿಸಿರುತ್ತದೆ.

ಆ ತಪ್ಪು ಯಾವುದು ಅಂದರೆ, ಜಾಸ್ತಿ ಕಾಣಲಿ ಅನ್ನುವ ಆಸೆ. ಕ್ಯಾಮೆರಾ ಕೊಳ್ಳುವವರು ಮೊದಲು ಕೇಳುವುದೇ "ಇದರಲ್ಲಿ ಎಲ್ಲಾ ಕಾಣುತ್ತಾ?" ಎಂದು. ಅವರಿಗಾಗಿಯೇ ಅಂಗಡಿಯಲ್ಲಿ 2.8 ಮಿಲಿಮೀಟರ್ ಲೆನ್ಸ್ ಸಿಗುತ್ತದೆ. ಸುಮಾರು 100 ಡಿಗ್ರಿ ಅಗಲ. ಮಾಡಿನ ತುದಿಗೆ ಹಾಕಿದರೆ ಅಂಗಳ, ರಸ್ತೆ, ಎದುರು ಮನೆ ಎಲ್ಲ ಒಂದೇ ಚಿತ್ರದಲ್ಲಿ ಬರುತ್ತದೆ. ನೋಡಿದವರಿಗೆ ದುಡ್ಡು ಕೊಟ್ಟಿದ್ದು ಸಾರ್ಥಕ ಅನಿಸುತ್ತದೆ.

ಈಗ ಸ್ವಲ್ಪ ಲೆಕ್ಕ ಹಾಕೋಣ. 2 ಮೆಗಾಪಿಕ್ಸೆಲ್ ಚಿತ್ರದ ಅಗಲ 1920 ಚುಕ್ಕಿ (ಪಿಕ್ಸೆಲ್). ಪರಿಚಯ ಇಲ್ಲದ ಒಬ್ಬನ ಮುಖ ಖಚಿತವಾಗಿ ಗುರುತಿಸಲು ಅವನು ನಿಂತ ಜಾಗದಲ್ಲಿ ಒಂದು ಮೀಟರ್‌ಗೆ 250 ಚುಕ್ಕಿ ಬೇಕು ಅನ್ನುವುದು ನಮ್ಮ ಕಸುಬಿನ ಅಳತೆ. ಅಗಲದ ಲೆನ್ಸ್‌ನಲ್ಲಿ ಅಷ್ಟು ಚುಕ್ಕಿ ಸಿಗುವುದು ಬರೀ ಹತ್ತು ಅಡಿ ದೂರದ ತನಕ. ಮೂವತ್ತು ಅಡಿ ಆಚೆ ಹೋದರೆ ನೂರು ಚುಕ್ಕಿಯೂ ಉಳಿಯುವುದಿಲ್ಲ. ಅಲ್ಲಿ ಕಳ್ಳನ ಮುಖ ಅಂದರೆ ಬೆಳ್ಳಗಿನ ಒಂದು ಮುದ್ದೆ, ಅಷ್ಟೇ.

ಆದರೆ ಪಕ್ಕದ ಮನೆಯವರು? ಅವರನ್ನು ಗುರುತಿಸಲು ಮುಖವೇ ಬೇಡ. ನಡಿಗೆ ಸಾಕು, ಸೀರೆ ಬಣ್ಣ ಸಾಕು, ಸ್ಕೂಟರ್ ಸಾಕು. ಎಷ್ಟು ಹೊತ್ತಿಗೆ ಹೋದರು, ಯಾರ ಜೊತೆ ಬಂದರು ಎಲ್ಲ ತಿಳಿಯುತ್ತದೆ. ಅಂದರೆ ಎತ್ತರದಲ್ಲಿ ಕೂತ ಅಗಲ ಕ್ಯಾಮೆರಾ ಗೊತ್ತಿದ್ದವರನ್ನು ಚೆನ್ನಾಗಿ ಕಾಯುತ್ತದೆ, ಗೊತ್ತಿಲ್ಲದವನನ್ನು ಬಿಟ್ಟುಬಿಡುತ್ತದೆ. ನಾವು ದುಡ್ಡು ಕೊಟ್ಟಿದ್ದು ಇದರ ಉಲ್ಟಾ ಕೆಲಸಕ್ಕೆ ಅಲ್ವಾ?

ಕಾರವಾರದ ಒಂದು ಅಂಗಡಿಯ ಕತೆ ಹೇಳುತ್ತೇನೆ. ಜುಲೈ ತಿಂಗಳು, ಹಗಲಲ್ಲೇ ಗಲ್ಲಾಪೆಟ್ಟಿಗೆಯಿಂದ ದುಡ್ಡು ಹೋಗಿತ್ತು. ಒಳಗೆ ಕ್ಯಾಮೆರಾ ಇರಲಿಲ್ಲ. ಹೊರಗಿನದು ಹದಿನಾರು ಅಡಿ ಎತ್ತರದಲ್ಲಿ, ಇಡೀ ಬೀದಿ ಕಾಣುವ ಹಾಗಿತ್ತು. ಮಾಲೀಕರ ಜೊತೆ ಕೂತು ನಲವತ್ತು ನಿಮಿಷದ ರೆಕಾರ್ಡಿಂಗ್ ನೋಡಿದೆ. ಕಂಡಿದ್ದು ಕೊಡೆಗಳು. ಕರಿ ಕೊಡೆ, ಹೂವಿನ ಕೊಡೆ, ಕಡ್ಡಿ ಮುರಿದ ಕೊಡೆ. ಒಂದು ಕೊಡೆ ಒಳಗೆ ಹೋಯಿತು, ಒಂದು ಕೊಡೆ ಹೊರಗೆ ಬಂತು. ನಮ್ಮ ಕರಾವಳಿಯಲ್ಲಿ ಮಳೆಗಾಲದ ನಾಲ್ಕು ತಿಂಗಳು ಎತ್ತರದ ಕ್ಯಾಮೆರಾ ಬರೀ ಕೊಡೆಗಳ ಎಣಿಕೆ ಮಾಡುತ್ತದೆ. (ಉಪ್ಪುಗಾಳಿಗೆ ಕ್ಲಾಂಪ್ ತುಕ್ಕು ಹಿಡಿಯುವುದು, ರಾತ್ರಿ ದೀಪಕ್ಕೆ ಹುಳ ಬಂದು ಹಿಂದೆಯೇ ಜೇಡ ಬಲೆ ಕಟ್ಟುವುದು, ಸಿಡಿಲಿಗೆ ರೆಕಾರ್ಡಿಂಗ್ ಇಡುವ ಪೆಟ್ಟಿಗೆ, ಅಂದರೆ ಡಿವಿಆರ್, ಸುಡುವುದು ಬೇರೆ. ಅದು ಇನ್ನೊಂದು ದಿನದ ಗೋಳು.)

ಅದೇ ಕ್ಯಾಮೆರಾವನ್ನು ಬಾಗಿಲೊಳಗೆ, ಏಳು ಅಡಿ ಎತ್ತರದಲ್ಲಿ, ಒಳಗೆ ಬರುವವರ ಮುಖಕ್ಕೆ ತಿರುಗಿಸಿದೆ. ಬಾಗಿಲಲ್ಲಿ ಕೊಡೆ ಮಡಚಲೇಬೇಕು. ಮುಖ ಸಿಗುತ್ತದೆ. ಬೀದಿಯಲ್ಲಿ ಮೀನು ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರು ಚಿತ್ರದಿಂದ ಹೊರಗೆ ಹೋದರು. ಅಂಗಡಿಯವರಿಗೆ ಲಾಭ, ಅವರಿಗೆ ನೆಮ್ಮದಿ.

ಹಾಗಂತ ಅಗಲದ ಕ್ಯಾಮೆರಾ ಬೇಡವೇ ಬೇಡ ಅನ್ನುತ್ತಿಲ್ಲ. ಎರಡು ವರ್ಷಕ್ಕೊಮ್ಮೆ ಶಿರಸಿಯಲ್ಲಿ ಮಾರಿಕಾಂಬಾ ಜಾತ್ರೆ ಆದಾಗ ಬಿಡಕಿಬೈಲು ಜನರಿಂದ ತುಂಬಿಹೋಗುತ್ತದೆ. ಅಲ್ಲಿ ನೋಡಬೇಕಾದ್ದು ಮುಖವಲ್ಲ, ಜನ ಎತ್ತ ನುಗ್ಗುತ್ತಿದ್ದಾರೆ ಎಂಬುದು. ಆ ಕೆಲಸಕ್ಕೆ ಅಗಲದ್ದೇ ಸರಿ. ಅಂಥ ಕಡೆ ನನ್ನ ಪ್ರಶ್ನೆ ಬೇರೆ: ಜಾತ್ರೆ ಮುಗಿದ ಮೇಲೆ ಆ ಹಾರ್ಡ್ ಡಿಸ್ಕ್ ಯಾರ ಹತ್ತಿರ ಇರುತ್ತದೆ, ಯಾವತ್ತು ಅಳಿಸುತ್ತಾರೆ?

ಯಾಕೆಂದರೆ ಕ್ಯಾಮೆರಾಕ್ಕಿಂತ ಹೆಚ್ಚು ತೊಂದರೆ ಕೊಡುವುದು ರೆಕಾರ್ಡಿಂಗ್. ಈ ವಿಷಯದಲ್ಲಿ ನನ್ನದೂ ಒಂದು ತಪ್ಪಿದೆ, ಹೇಳಿಬಿಡುತ್ತೇನೆ. ಕಸುಬಿನ ಮೊದಲ ವರ್ಷಗಳಲ್ಲಿ ಒಂದು ಬಸ್ ಸ್ಟಾಪ್ ಎದುರಿನ ಅಂಗಡಿಗೆ ಕ್ಯಾಮೆರಾ ಹಾಕಿದ್ದೆ. ನೆನಪಿಡಲು ಸುಲಭ ಅಂತ ಪಾಸ್‌ವರ್ಡ್ 1234 ಇಟ್ಟೆ. ಮಾಲೀಕರು, ಅವರ ಮಗ, ಕೆಲಸದ ಇಬ್ಬರು, ಎಲ್ಲರ ಮೊಬೈಲಿಗೂ ಆ್ಯಪ್ ಹಾಕಿಕೊಟ್ಟೆ. ಆರು ತಿಂಗಳಾದ ಮೇಲೆ ವಾಟ್ಸ್ಆ್ಯಪ್‌ನಲ್ಲಿ ಒಂದು ವಿಡಿಯೊ ನನಗೇ ಬಂತು. ಕಾಲೇಜು ಹುಡುಗಿಯೊಬ್ಬಳು ಸ್ಟಾಪಿನಲ್ಲಿ ಒಬ್ಬ ಹುಡುಗನ ಜೊತೆ ಮಾತಾಡುತ್ತಾ ನಿಂತಿದ್ದಾಳೆ. ಅಷ್ಟೇ. ಯಾರೋ ಟಿವಿ ಪರದೆಯನ್ನೇ ಮೊಬೈಲಿನಲ್ಲಿ ಚಿತ್ರ ಹಿಡಿದಿದ್ದರು, ಗಾಜಿನ ಮೇಲೆ ಟ್ಯೂಬ್‌ಲೈಟ್ ಹೊಳೆಯುತ್ತಿತ್ತು. ಮೂಲೆಯಲ್ಲಿ ನಾನು ಸೆಟ್ ಮಾಡಿದ ತಾರೀಖು, ಸಮಯ. ಅದು ಅವಳ ಮನೆಗೂ ತಲುಪಿತ್ತು. ನಾಲ್ವರಲ್ಲಿ ಕಳಿಸಿದ್ದು ಯಾರು ಎಂದು ಗೊತ್ತಾಗಲೇ ಇಲ್ಲ, ಎಲ್ಲರದ್ದೂ ಒಂದೇ ಪಾಸ್‌ವರ್ಡ್. ಈಗ ಒಬ್ಬೊಬ್ಬರಿಗೆ ಬೇರೆ ಲಾಗಿನ್ ಮಾಡುತ್ತೇನೆ. ಕೆಲಸದವರಿಗೆ ಲೈವ್ ಮಾತ್ರ, ಹಳೆಯದನ್ನು ತೆಗೆದು ನೋಡಲು ಬರುವುದಿಲ್ಲ. ಯಾರು ಯಾವಾಗ ನೋಡಿದರು ಎಂಬುದು ಡಿವಿಆರ್‌ನ ಲಾಗ್‌ನಲ್ಲಿ ಉಳಿಯುತ್ತದೆ.

ಪಾಸ್‌ವರ್ಡ್ ಸಣ್ಣ ವಿಷಯ ಅನ್ನುವವರಿಗೆ ರಾಜಕೋಟ್ ನೆನಪಿಸುತ್ತೇನೆ. 2025ರಲ್ಲಿ ಅಲ್ಲಿನ ಹೆರಿಗೆ ಆಸ್ಪತ್ರೆಯೊಂದರ ಒಳಗಿನ ದೃಶ್ಯಗಳು ಕದ್ದು ಮಾರಾಟವಾದವು. ಪತ್ರಿಕೆಗಳಲ್ಲಿ ಬಂದ ಹಾಗೆ ಪಾಸ್‌ವರ್ಡ್ ಅಡ್ಮಿನ್123. ಡಬ್ಬಿಯ ಜೊತೆ ಬಂದ ಪಾಸ್‌ವರ್ಡ್ ಬದಲಿಸದ ಮನೆ ನಮ್ಮ ಜಿಲ್ಲೆಯಲ್ಲೂ ನನಗೆ ಈಗಲೂ ಸಿಗುತ್ತದೆ.

ಎಷ್ಟು ದಿನ ಇಡಬೇಕು? ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಪ್ರಕಾರ ಒಂದೇ ಹೊತ್ತಿಗೆ 100 ಜನ, ಇಲ್ಲವೇ ದಿನಕ್ಕೆ 500 ಜನ ಬರುವ ಜಾಗದಲ್ಲಿ ಕ್ಯಾಮೆರಾ ಇರಬೇಕು, 30 ದಿನದ ರೆಕಾರ್ಡಿಂಗ್ ಉಳಿಸಬೇಕು. ಆದರೆ ಬಹಳ ಕಡೆ ಇರುವುದು ನಾಲ್ಕು ಕ್ಯಾಮೆರಾ, 1 ಟಿಬಿ ಡಿಸ್ಕ್. ಒಂದು ಕ್ಯಾಮೆರಾಕ್ಕೆ ದಿನಕ್ಕೆ 20 ಜಿಬಿ ಹಿಡಿದರೂ ಹನ್ನೆರಡು ದಿನಕ್ಕೆ ಡಿಸ್ಕ್ ತುಂಬಿ ಹಳೆಯದು ಅಳಿಸಿಹೋಗುತ್ತದೆ. ಮನೆಗೆ ಹನ್ನೆರಡು ದಿನ ಧಾರಾಳ ಸಾಕು. "ಮೂರು ತಿಂಗಳದ್ದು ಬೇಕು" ಅನ್ನುವ ಮನೆಯವರನ್ನು ನಾನು ಯಾಕೆ ಎಂದು ಕೇಳುತ್ತೇನೆ. ಎರಡು ಚೀಲ ಅಡಿಕೆ ಹೋಗಿದ್ದು ಮೂರು ತಿಂಗಳು ಯಾರಿಗೂ ತಿಳಿಯದೆ ಇರುತ್ತದೆಯೇ? ಗಡಿಯಾರ ಸರಿ ಇದೆಯಾ ಎಂದೂ ನೋಡಿಕೊಳ್ಳಿ. ಕೋರ್ಟಿಗೆ ರೆಕಾರ್ಡಿಂಗ್ ಕೊಡಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕು. ಸಮಯವೇ ತಪ್ಪಿದ್ದರೆ ಎದುರು ವಕೀಲರು ಮೊದಲು ಹಿಡಿಯುವುದು ಅದನ್ನೇ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದ್ದು 2017ರ ಆಗಸ್ಟ್ 24ರಂದು. ಆ ಅರ್ಜಿ ಹಾಕಿದ್ದ ಕೆ. ಎಸ್. ಪುಟ್ಟಸ್ವಾಮಿ ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯೂ ಬಂತು. ಆದರೆ ಸ್ವಂತ ಮನೆಬಳಕೆಯ ಮಾಹಿತಿಯನ್ನು ಆ ಕಾಯ್ದೆ ಹೊರಗಿಟ್ಟಿದೆ. ಹಾಗಾಗಿ ಅಕ್ಕಪಕ್ಕದ ಮನೆಯವರ ಜಗಳಕ್ಕೆ ಅದು ಅಷ್ಟಾಗಿ ಒದಗುವುದಿಲ್ಲ. ಹಿಸ್ಸೆ ಮನೆಯವರಿಗೆ ನಾನು ಹೇಳುವುದು ಕೋಲ್ಕತ್ತದ ಕತೆ. ಅಲ್ಲೂ ಒಂದೇ ಮನೆಯ ಅಣ್ಣ ತಮ್ಮಂದಿರು. ಜೊತೆಗಿರುವವರ ಒಪ್ಪಿಗೆ ಇಲ್ಲದೆ ವಾಸದ ಜಾಗದಲ್ಲಿ ಕ್ಯಾಮೆರಾ ಇಡುವಂತಿಲ್ಲ ಎಂದು ಕಲ್ಕತ್ತಾ ಹೈಕೋರ್ಟ್ ಹೇಳಿತು. 2025ರಲ್ಲಿ ಸುಪ್ರೀಂ ಕೋರ್ಟ್ ಅದರಲ್ಲಿ ಕೈ ಹಾಕಲಿಲ್ಲ. ಗೋಕರ್ಣದ ಕಡೆಯ ಹೋಂಸ್ಟೇಯವರಿಗಂತೂ ಒಂದೇ ಮಾತು: ಕೋಣೆಯೊಳಗೆ ಎಷ್ಟು ಕೊಟ್ಟರೂ ಹಾಕುವುದಿಲ್ಲ. ಅದು ಜೈಲಿನ ದಾರಿ.

ಆ ಶಿರಸಿ ಕಡೆಯ ಅಂಗಳಕ್ಕೆ ವಾಪಸ್ ಬರುತ್ತೇನೆ. ಏಣಿ ಇಳಿದು ಅಣ್ಣನ ಜೊತೆ ಮಾತಾಡಿದೆ. ಕಳ್ಳ ಎಲ್ಲಿಂದ ಬರಬೇಕು? ತೋಟದ ಕಡೆಯಿಂದ ಕಡಿದಾದ ದರೆ ಹತ್ತಿ ಬರಲಾರ, ದಣಪೆ (ಬೇಲಿಯ ಬಾಗಿಲು) ದಾಟಿಯೇ ಬರಬೇಕು. ಮಾಡಿನ ಕ್ಯಾಮೆರಾ ತೆಗೆದು ದಣಪೆ ಪಕ್ಕದ ಕಂಬಕ್ಕೆ ಹಾಕಿದೆ, 6 ಮಿಲಿಮೀಟರ್ ಲೆನ್ಸ್‌ನದು. ಇದರಲ್ಲಿ ಅಗಲ ಕಡಿಮೆ, ಆದರೆ ಇಪ್ಪತ್ತೈದು ಅಡಿ ದೂರದ ತನಕ ಮುಖ ಸ್ಪಷ್ಟ. ಅಡಿಕೆ ಮೇಲೆ ಕಣ್ಣಿರಲೇಬೇಕು ಎಂದು ಅವರು ಹಟ ಹಿಡಿದಿದ್ದಕ್ಕೆ ಇನ್ನೊಂದನ್ನು ಜಗಲಿಯಿಂದ ಅಂಗಳಕ್ಕೆ ಬಿಟ್ಟೆ. ಅದರ ಅಂಚಿನಲ್ಲಿ ಬಚ್ಚಲ ಬಾಗಿಲು ಒಂಚೂರು ಬರುತ್ತಿತ್ತು. ಅಲ್ಲಿಗೆ ಡಿವಿಆರ್‌ನ ಪ್ರೈವೆಸಿ ಮಾಸ್ಕ್ ಹಾಕಿದೆ. ಅಂದರೆ ಆ ಜಾಗದ ಮೇಲೆ ಕಪ್ಪು ಚೌಕ, ರೆಕಾರ್ಡಿಂಗ್‌ನಲ್ಲೂ ಕಪ್ಪೇ. ಅಡ್ಮಿನ್ ಪಾಸ್‌ವರ್ಡ್ ಇದ್ದವರು ಅದನ್ನು ತೆಗೆಯಬಹುದು ಅನ್ನುವುದನ್ನೂ ಇಬ್ಬರೆದುರೇ ಹೇಳಿದೆ. ಆ ಪಾಸ್‌ವರ್ಡನ್ನು ಅಣ್ಣ ಅರ್ಧ, ತಮ್ಮನ ಮಗಳು ಅರ್ಧ ಟೈಪ್ ಮಾಡಿದರು. ಒಬ್ಬರಿಗೆ ಇನ್ನೊಬ್ಬರದ್ದು ಗೊತ್ತಿಲ್ಲ.

ಆ ಅಮ್ಮನನ್ನು ಕರೆದು ಪರದೆ ತೋರಿಸಿದೆ. ಕನ್ನಡಕ ಹಾಕಿಕೊಂಡು, ಹತ್ತಿರ ಬಂದು, ಕಪ್ಪು ಚೌಕದ ಮೇಲೆ ಬೆರಳಿಟ್ಟು ನೋಡಿದರು. ಆಮೇಲೆ ಬೆರಳನ್ನು ಬಲಕ್ಕೆ ಸರಿಸಿ, ಬಟ್ಟೆ ಹರವುವ ಸರಿಗೆಯ ಹತ್ತಿರ ನಿಲ್ಲಿಸಿ, "ಇಲ್ಲಿವರೆಗೂ ಮಾಡು" ಅಂದರು. ಮಾಡಿದೆ.