ಪೇಪರ್ ಬೇಡ, ಬೆಲೆ ಇಳಿಸಿ

ಧಾರವಾಡದ ನನ್ನ ಪಶು ಚಿಕಿತ್ಸಾಲಯಕ್ಕೆ ಬರುವ ಕರೆಗಳಲ್ಲಿ ವಾರಕ್ಕೆ ಎರಡಾದರೂ ಹೀಗಿರುತ್ತವೆ: “ಡಾಕ್ಟರೇ, ಮಕ್ಕಳು ಹಟ ಹಿಡಿದಿದ್ದಾರೆ, ಒಂದು ಲ್ಯಾಬ್ರಡಾರ್ ಮರಿ ಬೇಕು. ನೀವು ಹೇಳಿದವರನ್ನು ಕೇಳಿದೆವು, 30,000 ಎನ್ನುತ್ತಾರೆ. ನಾವೇನು ಡಾಗ್ ಶೋಗೆ ಒಯ್ಯುವವರಲ್ಲ, ನಮಗೆ ಪೇಪರ್ ಬೇಡ. ಪೇಪರ್ ಇಲ್ಲದ್ದು ಬೇರೆ ಕಡೆ 9,000ಕ್ಕೆ ಸಿಗುತ್ತದಂತೆ. ತರಬಹುದಲ್ಲವೇ?”

ಇಪ್ಪತ್ತಾರು ವರ್ಷಗಳಿಂದ ಇದಕ್ಕೆ ಉತ್ತರ ಕೊಡುತ್ತಿದ್ದೇನೆ. ಮೊದಮೊದಲು ಸಮಾಧಾನದಿಂದ ಕೊಡುತ್ತಿದ್ದೆ. ಈಗ ನನ್ನ ಸಹಾಯಕ ಫೋನ್ ನನ್ನ ಕೈಗೆ ಕೊಡುವ ಮೊದಲು ನನ್ನ ಮುಖ ನೋಡುತ್ತಾನೆ.

ಜನ ಪೇಪರ್ ಎಂದು ಕರೆಯುವುದು ಕೆನ್ನೆಲ್ ಕ್ಲಬ್ ಆಫ್ ಇಂಡಿಯಾ ಕೊಡುವ ನೋಂದಣಿ ಪತ್ರವನ್ನು. ಮರಿಯ ತಂದೆತಾಯಿ ಯಾರು, ಅಜ್ಜ ಮುತ್ತಜ್ಜ ಯಾರು, ಚರ್ಮದಡಿ ಸೂಜಿಯಿಂದ ಹಾಕಿದ ಮೈಕ್ರೋಚಿಪ್‌ನ ಸಂಖ್ಯೆ ಎಷ್ಟು ಎಂಬುದು ಅದರಲ್ಲಿರುತ್ತದೆ. ನಮ್ಮ ಕಡೆ ಹೆಳವರು ಎತ್ತಿನ ಮೇಲೆ ಕೂತು ಬಂದು ಮನೆತನದ ಹೆಸರುಗಳನ್ನು ಓದಿ ಹೇಳುತ್ತಾರಲ್ಲ, ಅಂಥದ್ದೇ ಒಂದು ವಂಶಾವಳಿ. ಹೆಳವರ ಬಾಯಲ್ಲಿ ನಿಮ್ಮ ಮುತ್ತಜ್ಜನ ಹೆಸರು ಬಂದ ಮಾತ್ರಕ್ಕೆ ನಿಮಗೆ ಸಕ್ಕರೆ ಕಾಯಿಲೆ ಇಲ್ಲವೆಂದು ಅರ್ಥವಲ್ಲ. ನೋಂದಣಿ ಪತ್ರವೂ ಅಷ್ಟೇ. ಮರಿ ಆರೋಗ್ಯವಾಗಿದೆ ಎಂದು ಅದು ಎಲ್ಲಿಯೂ ಹೇಳುವುದಿಲ್ಲ.

ಇನ್ನು ನಾನು ಎಷ್ಟು ಸಲ ಹೇಳಿದರೂ ಯಾರ ತಲೆಗೂ ಹೋಗದ ಮಾತು. ಆ ಕಾಗದಕ್ಕೆ ಬೀಳುವ ಖರ್ಚು ಮರಿಯ ಬೆಲೆಯಲ್ಲಿ ತೀರ ಸಣ್ಣ ಪಾಲು. 30,000ಕ್ಕೂ 9,000ಕ್ಕೂ ನಡುವೆ 21,000 ರೂಪಾಯಿ ಇದೆ. ಕಾಗದ ಬಿಟ್ಟುಬಿಟ್ಟರೆ ಅಷ್ಟು ಹಣ ಉಳಿಯುವುದು ಸಾಧ್ಯವೇ ಇಲ್ಲ. ಹಾಗಾದರೆ 9,000ಕ್ಕೆ ಮಾರುವವನು ಬಿಟ್ಟಿದ್ದು ಇನ್ನೇನನ್ನೋ. ಏನನ್ನು ಬಿಟ್ಟೆ ಎಂದು ಅವನು ಹೇಳುವುದಿಲ್ಲ, ನೀವು ಕೇಳುವುದಿಲ್ಲ. “ಪೇಪರ್ ಇಲ್ಲ, ಅದಕ್ಕೇ ಕಡಿಮೆ” ಎಂಬ ಒಂದು ಮಾತಿನಲ್ಲಿ ಇಬ್ಬರೂ ಸಮಾಧಾನಗೊಳ್ಳುತ್ತೀರಿ.

ಬಿಟ್ಟಿದ್ದೇನು ಎಂದು ತಿಳಿಯಬೇಕಾದರೆ ಬಿಡದವರ ಲೆಕ್ಕ ನೋಡಬೇಕು. ನನಗೆ ಪರಿಚಯದ ನಿವೃತ್ತ ಶಿಕ್ಷಕಿಯೊಬ್ಬರಿದ್ದಾರೆ. ಎರಡು ಹೆಣ್ಣು ಲ್ಯಾಬ್ರಡಾರ್ ಸಾಕಿದ್ದಾರೆ. ಗಣಿತ ಕಲಿಸಿದವರು, ಹಾಗಾಗಿ ಪ್ರತಿ ಬಾಣಂತನದ ಖರ್ಚನ್ನೂ ಚೌಕುಳಿಯ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. ಒಮ್ಮೆ ಅವರ ಒಪ್ಪಿಗೆ ಪಡೆದು ಒಂದು ಪುಟ ನಕಲು ಮಾಡಿಕೊಂಡೆ. ಊರಿನಿಂದ ಊರಿಗೆ, ಆಸ್ಪತ್ರೆಯಿಂದ ಆಸ್ಪತ್ರೆಗೆ ದರ ಬದಲಾಗುತ್ತದೆ, ಬೆಂಗಳೂರಿನಲ್ಲಿ ಇನ್ನೂ ಹೆಚ್ಚಾಗುತ್ತದೆ. ಇದೊಂದು ಮನೆಯ ಒಂದು ಸಲದ ಲೆಕ್ಕ, ಅಷ್ಟೇ.

ಮೊದಲ ಸಾಲಿನಲ್ಲಿ ತಾಯಿಯ ಒಂದು ವರ್ಷದ ಊಟ, ಲಸಿಕೆ, ಮೈಮೇಲಿನ ಉಣ್ಣಿಗೆ ಮಾತ್ರೆ ಎಂದು 54,000 ಇದೆ. “ಇದನ್ನೇಕೆ ಮರಿಯ ಲೆಕ್ಕಕ್ಕೆ ಸೇರಿಸಿದಿರಿ?” ಎಂದು ಕೇಳಿದೆ. “ವರ್ಷಕ್ಕೊಂದು ಸಲ ಮಾತ್ರ ಮರಿ ಹಾಕಿಸುವುದು. ಉಳಿದ ಹತ್ತು ತಿಂಗಳು ಅವಳು ಗಾಳಿ ಕುಡಿದು ಬದುಕುತ್ತಾಳೆಯೇ?” ಎಂದರು. ಮುಂದಿನ ಸಾಲು, ಕೂಡಿಸುವ ಮೊದಲು ಸೊಂಟದ ಕೀಲಿನ ಎಕ್ಸ್‌ರೇ ಮತ್ತು ರಕ್ತ ಪರೀಕ್ಷೆ, 7,000. ಬೆದೆಗೆ ಬಂದಾಗ ಸರಿಯಾದ ದಿನ ಗೊತ್ತಾಗಲು ಪ್ರೊಜೆಸ್ಟರಾನ್ ಎಂಬ ಹಾರ್ಮೋನಿನ ಪರೀಕ್ಷೆ ಮೂರು ಸಲ, 4,500. ಬಸುರಿ ಹೌದೋ ಅಲ್ಲವೋ ಎಂದು ಸ್ಕ್ಯಾನ್, ಕೊನೆಯ ವಾರ ಮರಿಗಳ ತಲೆ ಎಣಿಸಲು ಎಕ್ಸ್‌ರೇ, 2,500. ನಾಯಿಯ ಗರ್ಭ ಸುಮಾರು 63 ದಿನದ್ದು. ಆ ಸಲ ಮೊದಲ ಮರಿ ಅಡ್ಡವಾಗಿ ಸಿಕ್ಕಿಕೊಂಡು ರಾತ್ರಿ ಒಂದೂವರೆಗೆ ಸಿಸೇರಿಯನ್ ಮಾಡಬೇಕಾಯಿತು, 20,000. (ಮಾಡಿದವನು ನಾನೇ. ಕಡಿಮೆ ತೆಗೆದುಕೊಂಡೆ ಎಂದು ನಾನು, ಹೆಚ್ಚಾಯಿತು ಎಂದು ಅವರು, ಇವತ್ತಿಗೂ ವಾದ ಮುಗಿದಿಲ್ಲ.) ಬಾಣಂತಿಯ ಹೆಚ್ಚುವರಿ ಆಹಾರ, ನಾಲ್ಕನೆಯ ವಾರದಿಂದ ಮರಿಗಳ ಆಹಾರ ಸೇರಿ 18,000. ಬಿಸಿದೀಪ, ಬಟ್ಟೆ, ಸೋಂಕುನಾಶಕ, ಎರಡು ವಾರ ರಾತ್ರಿ ಕಾಯಲು ಬಂದ ಹುಡುಗಿಯ ಕೂಲಿ, 9,000. ಹುಟ್ಟಿದ ಮರಿಗೆ ಮೈ ಬೆಚ್ಚಗಿಟ್ಟುಕೊಳ್ಳುವ ಶಕ್ತಿ ಇರುವುದಿಲ್ಲ, ಆದ್ದರಿಂದ ಆ ದೀಪ ಆಡಂಬರವಲ್ಲ. ಜಂತುಹುಳುವಿನ ಔಷಧ, ಮೊದಲ ಲಸಿಕೆ, ಮೈಕ್ರೋಚಿಪ್, ನೋಂದಣಿ ಎಲ್ಲ ಸೇರಿ ಆರು ಮರಿಗಳಿಗೆ 12,000.

ಒಟ್ಟು 1,27,000 ರೂಪಾಯಿ. ಹುಟ್ಟಿದ್ದು ಏಳು. ಒಂದು ಮೂರನೆಯ ದಿನ ತೀರಿಕೊಂಡಿತು. ಒಂದು ಗಂಡುನಾಯಿಯ ಮಾಲೀಕರಿಗೆ ಹೋಯಿತು, ಅದು ಈ ವ್ಯವಹಾರದ ರೂಢಿ. ಮಾರಲು ಉಳಿದದ್ದು ಐದು. ಭಾಗಿಸಿದರೆ ಒಂದಕ್ಕೆ 25,400. ಅವರು ಮಾರಿದ್ದು 30,000ಕ್ಕೆ. ಒಂದು ವರ್ಷದ ದುಡಿಮೆಗೆ, ಎಂಟು ವಾರದ ನಿದ್ದೆಗೆಟ್ಟ ರಾತ್ರಿಗಳಿಗೆ ಉಳಿದದ್ದು 23,000 ರೂಪಾಯಿ. ಆ ವರ್ಷವೇ ಕೊಂಡವರೊಬ್ಬರು “ಮೇಡಂ ನಾಯಿಯ ಹೆಸರಿನಲ್ಲಿ ದರೋಡೆ ಮಾಡುತ್ತಾರೆ” ಎಂದು ನನ್ನ ಮುಂದೆಯೇ ಹೇಳಿದ್ದರು.

ಈ ಪುಟದಲ್ಲಿ ಮರಿಗೆಂದೇ ಖರ್ಚಾದದ್ದು ಕಡಿಮೆ, ತಾಯಿಗೆ ಖರ್ಚಾದದ್ದೇ ಹೆಚ್ಚು. ಮರಿಯ ಬೆಲೆಯೆಂದು ನೀವು ಕೊಡುವುದು ಬಹುಪಾಲು ಅದರ ತಾಯಿಯ ಬೆಲೆ. 9,000ಕ್ಕೆ ಮಾರುವವನು ಉಳಿಸಿದ್ದೂ ಅಲ್ಲಿಯೇ. ಅವನ ಹೆಣ್ಣುನಾಯಿ ಪ್ರತಿ ಬೆದೆಗೂ, ಅಂದರೆ ವರ್ಷಕ್ಕೆ ಎರಡು ಸಲ ಮರಿ ಹಾಕುತ್ತದೆ, ಅನ್ನ ಮತ್ತು ಕೋಳಿಯ ಕಾಲುಗಳ ಮೇಲೆ. ಅದಕ್ಕೆ ಲಸಿಕೆ ಆಗಿರುವುದಿಲ್ಲ. ತಾಯಿಗೆ ಲಸಿಕೆ ಇಲ್ಲದಿದ್ದರೆ ಗಿಣ್ಣುಹಾಲಿನ ಮೂಲಕ ಮರಿಗೆ ಬರಬೇಕಾದ ರಕ್ಷಣೆ ಎಲ್ಲಿಂದ ಬರಬೇಕು? ಮೊದಲ ಆರೆಂಟು ವಾರ ಮರಿಯನ್ನು ಕಾಯುವುದು ಆ ಹಾಲಿನಲ್ಲಿ ಬಂದ ಪ್ರತಿಕಾಯಗಳೇ. ಅವು ಕರಗುತ್ತಾ ಬರುವ ಹೊತ್ತಿಗೆ ನಾವು ಲಸಿಕೆ ಶುರು ಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆಯಂತೆ ಹದಿನಾರು ವಾರ ತುಂಬುವವರೆಗೆ ಕೊಡುತ್ತೇವೆ.

ಕಳೆದ ವರ್ಷ ಮಳೆಗಾಲಕ್ಕೆ ಮೊದಲು ಒಬ್ಬ ಯುವ ದಂಪತಿ ಇದೇ 9,000ದ ಮರಿ ತಂದರು. ಭಾನುವಾರ ಕೊಂಡದ್ದು, ಮಂಗಳವಾರ ನನ್ನ ಮೇಜಿನ ಮೇಲಿತ್ತು. ಬಾಗಿಲು ತೆರೆದಾಗಲೇ ಆ ವಾಸನೆ ಬಂತು, ನಮ್ಮ ವೃತ್ತಿಯವರಿಗೆ ಪರೀಕ್ಷೆ ಮಾಡುವ ಮೊದಲೇ ಗೊತ್ತಾಗುವ ರಕ್ತಭೇದಿಯ ವಾಸನೆ. ಪಾರ್ವೊ, ಮರಿಗಳಿಗೆ ತಗಲುವ ಮಾರಕ ವೈರಾಣು ಸೋಂಕು. “ನೀರು ಬದಲಾಗಿದ್ದಕ್ಕೆ ಹೀಗಾಗಿದೆ ಎಂದು ಮಾರಿದವರು ಹೇಳಿದರು” ಎಂದಳು ಆ ಹುಡುಗಿ. ಈ ಸೋಂಕು ತಗುಲಿ ಲಕ್ಷಣ ಕಾಣಲು ಸಾಮಾನ್ಯವಾಗಿ ಮೂರರಿಂದ ಏಳು ದಿನ ಬೇಕು. ಎರಡೇ ದಿನದಲ್ಲಿ ಮಲಗಿದ ಮರಿ ಬಹುಮಟ್ಟಿಗೆ ಅಲ್ಲಿಂದಲೇ ಹೊತ್ತು ತಂದಿರುತ್ತದೆ.

ಲಸಿಕೆಯ ಪುಸ್ತಕ ಕೊಟ್ಟರು. ಚೆಂದದ ಪುಸ್ತಕ, ಎರಡು ಚೀಟಿ ಅಂಟಿಸಿದೆ, ವೈದ್ಯರ ಸಹಿ ಇಲ್ಲ, ಅವರ ನೋಂದಣಿ ಸಂಖ್ಯೆಯೂ ಇಲ್ಲ. ವಯಸ್ಸು 60 ದಿನ ಎಂದು ಬರೆದಿತ್ತು. ಬಾಯಿ ತೆರೆದು ನೋಡಿದೆ. ಎಂಟು ವಾರದ ಮರಿಗೆ 28 ಹಾಲುಹಲ್ಲು ಬಹುತೇಕ ಬಂದಿರಬೇಕು. ಇದಕ್ಕೆ ಹಿಂದಿನವು ವಸಡಿನಿಂದ ಇಣುಕಿಯೂ ಇರಲಿಲ್ಲ. ನನ್ನ ಅಂದಾಜಿನಲ್ಲಿ ಮೂವತ್ತೈದು ದಿನ. ಗುಂಡುಗುಂಡಾಗಿ ಮುದ್ದಾಗಿ ಕಾಣುವ ವಯಸ್ಸು ಅದೇ, ಅದಕ್ಕೇ ಆಗಲೇ ಮಾರುತ್ತಾರೆ. ನಾಲ್ಕು ದಿನ ಸಲೈನ್ ಹಾಕಿದೆವು. ಶನಿವಾರ ಬೆಳಗಿನ ಜಾವ ಸತ್ತಿತು. ಬಿಲ್ 14,000 ಆಗಿತ್ತು, ನಾನು ಪೂರ್ತಿ ಕೇಳಲಿಲ್ಲ. ಹುಡುಗ ಗೋಡೆಗೆ ಮುಖ ಮಾಡಿ ನಿಂತುಬಿಟ್ಟಿದ್ದ.

ಮಾರಿದವನು ಬಹಳ ಉದಾರಿ. “ಬೇಜಾರಾಗಬೇಡಿ, ಅದೇ ಸೂಲಿನ ಇನ್ನೊಂದು ಮರಿ ಬಿಟ್ಟಿ ಕೊಡುತ್ತೇನೆ” ಎಂದನಂತೆ. ಅವರು ಹೊರಟೇಬಿಟ್ಟಿದ್ದರು. ತಡೆಯಲು ನನಗೆ ಅರ್ಧ ಗಂಟೆ ಬೇಕಾಯಿತು. ಪಾರ್ವೊ ವೈರಾಣು ನೆಲದಲ್ಲಿ, ಚಾಪೆಯಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಫಿನಾಯಿಲ್ ಹಾಕಿ ಒರೆಸಿದರೆ ಸಾಲದು, ಬ್ಲೀಚ್ ಬೇಕು. ಆ ಮನೆಗೆ ಇನ್ನೊಂದು ಎಳೆಯ ಮರಿ ತಂದರೆ ಅದೂ ಹೋಗುತ್ತದೆ. ಆರು ತಿಂಗಳು ಸುಮ್ಮನಿರಿ ಎಂದೆ. ಅಗ್ಗವೆಂದು ಮುಗ್ಗಿದ ಜೋಳ ತಂದವರೇ ಬಿಟ್ಟಿ ಎಂದು ಇನ್ನೊಂದು ಚೀಲ ಹೊರಲು ಹೊರಟಿದ್ದರು.

ನನಗೆ ಸಿಟ್ಟಿಗಿಂತ ಹೆಚ್ಚಾಗಿ ಸೋಜಿಗವಾಗುವುದು ಇನ್ನೊಂದು ವಿಷಯಕ್ಕೆ. ಆ ಹುಡುಗನ ತಂದೆ ರೈತ. ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಬಾಯಿ ತೆರೆಸಿ ಹಲ್ಲು ಎಣಿಸುತ್ತಾರೆ, ಸುಳಿ ನೋಡುತ್ತಾರೆ, ನಡೆಸಿ ನೋಡುತ್ತಾರೆ. ಹಸುವಾದರೆ ತಾಯಿ ಎಷ್ಟು ಹಾಲು ಕೊಡುತ್ತಿತ್ತು ಎಂದು ಕೇಳದೆ ಮುಂಗಡ ಕೊಡುವುದಿಲ್ಲ. ಮಗ ಮೊಬೈಲಿನಲ್ಲಿ ಚಿತ್ರ ನೋಡಿ, ಬಸ್ ನಿಲ್ದಾಣದ ಹೊರಗೆ ರಟ್ಟಿನ ಪೆಟ್ಟಿಗೆಯಲ್ಲಿ ಮರಿ ಪಡೆದು ಬಂದಿದ್ದಾನೆ. ತಾಯಿ ಎಲ್ಲಿ ಎಂದು ಕೇಳಲೇ ಇಲ್ಲ.

ಕಾಯಿದೆಯೂ ಇದೆ. 2017ರ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟದ ನಿಯಮಗಳ ಪ್ರಕಾರ ಬ್ರೀಡರ್ ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು, ಎಂಟು ವಾರ ತುಂಬದ ಮರಿ ಮಾರಬಾರದು, ಹದಿನೆಂಟು ತಿಂಗಳಾಗದ ಹೆಣ್ಣನ್ನು ಕೂಡಿಸಬಾರದು, ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸೂಲು ಕೂಡದು, ಜೀವಮಾನದಲ್ಲಿ ಐದು ದಾಟಬಾರದು. ಎಷ್ಟು ಜನ ಪಾಲಿಸುತ್ತಾರೆ ಎಂದು ನನ್ನನ್ನು ಕೇಳಬೇಡಿ.

ಇಷ್ಟೆಲ್ಲ ಓದಿ “ಹಾಗಾದರೆ ದುಬಾರಿ ಮರಿ ಎಂದರೆ ಒಳ್ಳೆಯ ಮರಿ” ಎಂದುಕೊಂಡರೆ ನಾನು ತಲೆ ಚಚ್ಚಿಕೊಳ್ಳಬೇಕಾಗುತ್ತದೆ. ವಿದೇಶಿ ವಂಶದ್ದು ಎಂದು 60,000ಕ್ಕೆ ಮಾರಿದ ಮರಿಗಳ ಸೊಂಟದ ಎಕ್ಸ್‌ರೇಯಲ್ಲಿ ಕೀಲಿನ ದೋಷ ನೋಡಿ ನಾನು ನಿಟ್ಟುಸಿರು ಬಿಟ್ಟದ್ದಿದೆ, ಅವಕ್ಕೆ ಪೇಪರ್ ಕೂಡ ಇತ್ತು. ಅತ್ತ ಮುಧೋಳದ ಕಡೆ ಹೋಗಿ. ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ, ಅಲ್ಲಿಂದಲೇ 2016ರಲ್ಲಿ ಸೇನೆಯವರು ಮೀರತ್‌ನ ತಮ್ಮ ನಾಯಿ ತರಬೇತಿ ಕೇಂದ್ರಕ್ಕೆ ಮರಿಗಳನ್ನು ಒಯ್ದದ್ದು. ಸುತ್ತಲಿನ ಹಳ್ಳಿಗಳಲ್ಲಿ ತಲೆಮಾರುಗಳಿಂದ ಬೇಟೆನಾಯಿ ಸಾಕಿದ ಮನೆಗಳಿವೆ. ಅಂಥ ಒಂದು ಮನೆಯಲ್ಲಿ ಒಬ್ಬ ಮುದುಕರ ಬಳಿ ಯಾವ ಕಾಗದವೂ ಇರಲಿಲ್ಲ. ಹಗ್ಗದ ಮಂಚದ ಕೆಳಗೆ ತಾಯಿ ಮಲಗಿತ್ತು, ಅದರ ತಾಯಿ ಬೇವಿನ ಮರದಡಿ ಇತ್ತು, ಗಂಡು ಯಾವುದು ಎಂದರೆ ಎದುರು ಮನೆಯತ್ತ ಬೆರಳು ತೋರಿಸಿದರು. ತಾಯಿಗೆ ಜೋಳದ ನುಚ್ಚು, ಹಾಲು ಹಾಕಿದ ಬಟ್ಟಲನ್ನು ಯಾರೂ ನನಗೆ ತೋರಿಸಲೆಂದು ಇಟ್ಟದ್ದಲ್ಲ. ಅಂಥವರಿಂದ ಕಾಗದವಿಲ್ಲದೆ ತನ್ನಿ, ನನ್ನ ತಕರಾರಿಲ್ಲ. ಲಸಿಕೆಯನ್ನು ಮಾತ್ರ ನಿಮ್ಮ ವೈದ್ಯರಿಂದ ಮೊದಲಿನಿಂದ ಹಾಕಿಸಿ. 2020ರಲ್ಲಿ ಪ್ರಧಾನಿಯವರು ಆಕಾಶವಾಣಿಯ ಭಾಷಣದಲ್ಲಿ ಮುಧೋಳದ ಹೆಸರೆತ್ತಿದ ಮೇಲೆ ಉದ್ದ ಮೂತಿಯ ಪ್ರತಿಯೊಂದು ನಾಯಿಯೂ ಮುಧೋಳದ್ದೇ ಆಗಿಬಿಟ್ಟಿದೆ, ಅದು ಬೇರೆ ಕಥೆ.

30,000 ಎಲ್ಲರ ಕೈಗೂ ಎಟಕುವ ಮೊತ್ತವಲ್ಲ, ನನಗೆ ಗೊತ್ತು. ಅಷ್ಟು ಕೊಡಲಾಗದವರು ಬೀದಿಯ ಮರಿಯನ್ನು ತಂದು ಸಾಕಿ. ನನ್ನ ಮನೆಯಲ್ಲಿರುವ ಎರಡೂ ಅಂಥವೇ, ಹನ್ನೊಂದು ವರ್ಷದ ಹಿರಿಯಳು ಇದುವರೆಗೆ ನನಗೆ ಖರ್ಚು ಹಚ್ಚಿದ್ದು ಒಂದು ಹಲ್ಲಿಗೆ ಮಾತ್ರ.

ಆ ದಂಪತಿ ಏಳು ತಿಂಗಳು ಬಿಟ್ಟು ಮತ್ತೆ ಬಂದರು. ಶಿಕ್ಷಕಿಯ ಮನೆಗೆ ನಾನೇ ಕರೆದೊಯ್ದೆ, ಅಂದು ಹೇಗೂ ಮರಿಗಳಿಗೆ ಲಸಿಕೆ ಹಾಕುವುದಿತ್ತು. ಆಕೆ ಹೆಣ್ಣು ಕೊಡುವವರ ಹಾಗೆ ಒಂದೊಂದೇ ವಿಚಾರಿಸಿದರು. ಮನೆ ಸ್ವಂತದ್ದೇ, ಹಗಲು ಯಾರಿರುತ್ತಾರೆ, ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ, ಅತ್ತೆಯವರಿಗೆ ನಾಯಿ ಒಪ್ಪಿಗೆಯೇ. ಹಿಂದಿನ ವಾರ ಇದೇ ಪ್ರಶ್ನೆಗಳಿಗೆ ಸಿಡುಕಿದ ಗುತ್ತಿಗೆದಾರರೊಬ್ಬರನ್ನು ಚಹಾ ಕೊಟ್ಟು ವಾಪಸ್ ಕಳಿಸಿದ್ದರು. ಸಾಕಲಾಗದಿದ್ದರೆ ಯಾವ ವಯಸ್ಸಿನಲ್ಲಾದರೂ ನನಗೇ ತಂದುಕೊಡಬೇಕು ಎಂದು ಬರೆಸಿಕೊಂಡರು. ತಾಯಿನಾಯಿ ಬಂದು ಹುಡುಗಿಯ ಚಪ್ಪಲಿ ಮೂಸಿ ಅಲ್ಲಿಯೇ ಒರಗಿತು.

ಎಲ್ಲ ಮುಗಿದು ಹಣ ಕೊಡುವ ಹೊತ್ತಿಗೆ ಹುಡುಗ ತಲೆ ಕೆರೆದುಕೊಂಡ. “ಮೇಡಂ, ತಪ್ಪು ತಿಳಿಯಬೇಡಿ. ನಮಗೆ ಪೇಪರ್ ಬೇಡ. ಸ್ವಲ್ಪ ಕಡಿಮೆ ಆಗುತ್ತದೆಯೇ?”

ನಾನು ಕಿಟಕಿಯ ಹೊರಗೆ ನೋಡಿದೆ. ಆಕೆ ಮಾತನಾಡದೆ ಒಳಗೆ ಹೋಗಿ ನೋಟ್‌ಬುಕ್ ತಂದರು, ನೋಂದಣಿಯ ಸಾಲಿನ ಮೇಲೆ ಬೆರಳಿಟ್ಟರು, ಒಂದು ಮರಿಗೆ ಎಷ್ಟು ಬಿದ್ದಿತ್ತೋ ಅಷ್ಟನ್ನು ಪರ್ಸಿನಿಂದ ತೆಗೆದು ಅವನ ಮುಂದೆ ನೆಲದ ಮೇಲಿನ ಜಮಖಾನದಲ್ಲಿ ಇಟ್ಟರು. ಕೆಲವೇ ನೂರರ ನೋಟುಗಳು. ಹುಡುಗ ಅವನ್ನು ಮುಟ್ಟಲಿಲ್ಲ. ಮರಿ ಮಾತ್ರ ಒಂದನ್ನು ಕಚ್ಚಿಕೊಂಡು ದಿವಾನದ ಕೆಳಗೆ ನುಸುಳಿತು.