ಮೂರು ಪಾಸು, ಏಳು ರನ್ನು

ಡಲ್ಲಾಸ್‌ನಲ್ಲಿ ಅಕ್ಕನ ಮನೆ. ಒಂದೇ ಸೋಫಾ, ಒಂದೇ ಟೀವಿ, ಎರಡು ಕಂಟ್ರೋಲರ್. ಅಕ್ಕನ ಮಗನ ಜೊತೆ ಮ್ಯಾಡೆನ್ ಆಡಲು ಕೂತಿದ್ದೆ. ಅಮೆರಿಕನ್ ಫುಟ್‌ಬಾಲಿನ ವಿಡಿಯೋ ಗೇಮ್ ಅದು. ಅರ್ಧ ಗಂಟೆಯಲ್ಲೇ ನನಗೊಂದು ಬ್ರಹ್ಮಾಸ್ತ್ರ ಸಿಕ್ಕಿಬಿಟ್ಟಿತು. ಫೋರ್ ವರ್ಟಿಕಲ್ಸ್ ಅನ್ನುವ ಪ್ಲೇ, ಅಂದರೆ ಚೆಂಡು ಆಡುವ ಯೋಜನೆ. ನಾಲ್ಕು ಜನ ರಿಸೀವರ್‌ಗಳು, ಎಸೆದ ಚೆಂಡು ಹಿಡಿಯುವವರು, ನೆಟ್ಟಗೆ ಮುಂದಕ್ಕೆ ಓಡುತ್ತಾರೆ. ಯಾರ ಸುತ್ತ ಜನ ಇಲ್ಲವೋ ಅವರಿಗೆ ಚೆಂಡು ಎಸೆಯೋದು, ಅಷ್ಟೆ. ಎರಡು ಸಲ ಎಸೆದೆ, ಎರಡೂ ಟಚ್‌ಡೌನ್, ಅಂದರೆ ಚೆಂಡು ಕೊನೆಯ ಗೆರೆ ದಾಟಿತು. ಮೂರನೇ ಸಲ ಅವನು ಹಿಂದುಗಡೆ ನಾಲ್ಕು ಜನರನ್ನು ನಿಲ್ಲಿಸಿ ಚೆಂಡನ್ನು ಆರಾಮಾಗಿ ಕಿತ್ತುಕೊಂಡ. ನಾಲ್ಕನೇ ಸಲವೂ ಅದೇ ಕತೆ. “ಮಾಮ, ನಿಂಗೆ ಬೇರೆ ಪ್ಲೇ ಬರಲ್ವಾ?” ಅಂದ.

ಬರುತ್ತಿತ್ತು. ಇಷ್ಟು ಚೆನ್ನಾಗಿ ನಡೆಯುವುದನ್ನು ಬಿಟ್ಟು ಬೇರೆ ಯಾಕೆ ಆಡಬೇಕು ಅನ್ನೋದು ನನ್ನ ಲೆಕ್ಕ. ಆ ಲೆಕ್ಕ ಎಲ್ಲಿ ತಪ್ಪಿತು ಅಂತ ರಾತ್ರಿ ಕಾಗದ ಪೆನ್ನು ಹಿಡಿದು ಕೂತೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಮೈದಾನ 100 ಗಜ ಉದ್ದ, ತಂಡಕ್ಕೆ 11 ಜನ. ಚೆಂಡು ಕೈಯಲ್ಲಿರುವ ತಂಡಕ್ಕೆ 10 ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಒಂದೊಂದು ಅವಕಾಶವೂ ಒಂದು ಡೌನ್. 10 ಗಜ ದಾಟಿದರೆ ಮತ್ತೆ ನಾಲ್ಕು. ಚೆಂಡು ಹಿಡಿದುಕೊಂಡು ನುಗ್ಗಿದರೆ ರನ್, ಮುಂದಕ್ಕೆ ಎಸೆದರೆ ಪಾಸ್. ಪ್ರತಿ ಡೌನ್‌ಗೆ ಮೊದಲು ಎರಡೂ ತಂಡಗಳು ಏನು ಮಾಡಬೇಕು ಅಂತ ಗುಟ್ಟಾಗಿ ತೀರ್ಮಾನಿಸುತ್ತವೆ. ಚೆಸ್‌ನಲ್ಲಿ ಎದುರಾಳಿಯ ನಡೆ ನೋಡಿಕೊಂಡು ನಮ್ಮ ನಡೆ. ಇಲ್ಲಿ ಆ ಭಾಗ್ಯ ಇಲ್ಲ. ಇಬ್ಬರೂ ಒಟ್ಟಿಗೇ ಆರಿಸಬೇಕು.

ಈ ಗುಟ್ಟಿನ ಆಟವನ್ನು ಬರೀ ಎಲುಬಿನಷ್ಟೇ ಉಳಿಸಿ ತೋರಿಸಿದ ಗೇಮ್ ಒಂದಿದೆ. ಟೆಕ್ಮೋ ಬೌಲ್. 1989ರಲ್ಲಿ ಅಮೆರಿಕದ ಮನೆಮನೆಯ ನಿಂಟೆಂಡೊಗೆ ಬಂತು. ಅದರಲ್ಲಿ ತಂಡಕ್ಕೆ 9 ಜನ, ಆಡಲು ನಾಲ್ಕೇ ನಾಲ್ಕು ಪ್ಲೇ. ಡಿಫೆನ್ಸ್ ಆಡುವವನ ಮುಂದೆಯೂ ಅದೇ ನಾಲ್ಕರ ಪಟ್ಟಿ. ನೀವು ಆರಿಸಿದ್ದನ್ನೇ ಅವನೂ ಆರಿಸಿದರೆ ಮುಗಿಯಿತು, ಅವನ ಕಡೆಯವರೆಲ್ಲ ಒಮ್ಮೆಲೇ ಮೇಲೆ ಬೀಳುತ್ತಾರೆ. ನಿಮ್ಮ ನಾಲ್ಕರಲ್ಲಿ ಒಂದು ಎಷ್ಟೇ ಜೋರಾಗಿರಲಿ, ಅದನ್ನೇ ಒತ್ತುತ್ತೀರಿ ಅಂತ ಅವನಿಗೆ ಗೊತ್ತಾದ ಕ್ಷಣ ಅದು ನಾಲ್ಕರಲ್ಲಿ ಅತಿ ಕೆಟ್ಟದ್ದು. ಮ್ಯಾಡೆನ್ ಇದಕ್ಕಿಂತ ದೊಡ್ಡ ಸಂಸಾರ. ಅದರ ಮೊದಲ ಆವೃತ್ತಿ 1988ರಲ್ಲಿ ಆ್ಯಪಲ್ ಟೂ ಕಂಪ್ಯೂಟರಿಗೆ ಬಂತು. ಓಕ್ಲೆಂಡ್ ರೈಡರ್ಸ್ ತಂಡದ ಕೋಚ್ ಆಗಿದ್ದ ಜಾನ್ ಮ್ಯಾಡೆನ್, ತಂಡಕ್ಕೆ 11 ಜನ ಇರದಿದ್ದರೆ ತನ್ನ ಹೆಸರು ಕೊಡಲ್ಲ ಅಂತ ಹಟ ಹಿಡಿದಿದ್ದರು. ಈಗ ಅದರ ಪ್ಲೇಬುಕ್ಕಿನಲ್ಲಿ ನೂರಾರು ಪ್ಲೇಗಳಿವೆ. ಆದರೂ ಒಳಗಿರುವ ಎಲುಬು ಟೆಕ್ಮೋದ್ದೇ.

1928ರಲ್ಲಿ ಜಾನ್ ವಾನ್ ನಾಯ್ಮನ್ ಎಂಬ ಹಂಗೇರಿಯ ಗಣಿತಜ್ಞ ಇಂಥ ಆಟಗಳ ಬಗ್ಗೆ ಒಂದು ಪ್ರಮೇಯ ಸಾಧಿಸಿದ. ಒಬ್ಬರ ಲಾಭವೇ ಇನ್ನೊಬ್ಬರ ನಷ್ಟವಾಗುವ, ಇಬ್ಬರೇ ಆಡುವ ಆಟ ಇರಲಿ. ಎದುರಾಳಿ ಏನೇ ಮಾಡಿದರೂ ಸರಾಸರಿಯಲ್ಲಿ ಇಷ್ಟಕ್ಕಿಂತ ಕಡಿಮೆ ಸಿಗದು ಅಂತ ಖಾತ್ರಿ ಕೊಡುವ ಒಂದು ಮಿಶ್ರಣ ಇದ್ದೇ ಇರುತ್ತದೆ ಅಂತ. ಮಿಶ್ರಣ ಅನ್ನೋದೇ ಇಲ್ಲಿ ಮುಖ್ಯ. ಇಂಥ ಆಟದಲ್ಲಿ ಉತ್ತರ ಸಾಮಾನ್ಯವಾಗಿ ಒಂದು ಪ್ಲೇ ಅಲ್ಲ, ಪ್ಲೇಗಳ ಪಾಲು.

ಕೈಲೆಕ್ಕಕ್ಕೆ ಸುಲಭವಾಗಲಿ ಅಂತ ನಾನೇ ಕಟ್ಟಿಕೊಂಡ ಅಂಕಿಗಳು ಇವು. ಎದುರಾಳಿ ರನ್ ಕಾಯುತ್ತಿರುವಾಗ ನಾನು ಪಾಸ್ ಮಾಡಿದರೆ ಸರಾಸರಿ 9 ಗಜ. ಪಾಸ್ ಕಾಯುತ್ತಿರುವಾಗಲೇ ಪಾಸ್ ಮಾಡಿದರೆ 2. ರನ್ ಕಾಯುವಾಗ ರನ್ ಮಾಡಿದರೂ 2. ಪಾಸ್ ಕಾಯುವಾಗ ರನ್ ಮಾಡಿದರೆ 5. ನನ್ನ ಕೈಯಲ್ಲಿರುವ ದೊಡ್ಡ ಆಯುಧ ಪಾಸ್, ಅಲ್ವಾ? ಬರೀ ಅದನ್ನೇ ಆಡಿದರೆ ಅವನು ಪಾಸ್ ಕಾಯುತ್ತಾ ಕೂರುತ್ತಾನೆ. ಹತ್ತು ಪ್ಲೇಗೆ 20 ಗಜ. ಬರೀ ರನ್ ಆಡಿದರೂ ಅಷ್ಟೇ, 20.

ಈಗ ಹತ್ತರಲ್ಲಿ ಮೂರು ಪಾಸು, ಏಳು ರನ್ನು ಮಾಡಿ ನೋಡಿ. ಅವನು ಪೂರ್ತಿ ರನ್ ಕಾದರೆ ನನಗೆ ಪಾಸ್‌ನಿಂದ 27, ರನ್‌ನಿಂದ 14, ಒಟ್ಟು 41 ಗಜ. ಪೂರ್ತಿ ಪಾಸ್ ಕಾದರೆ 6 ಮತ್ತು 35. ಅದೂ 41! ಅವನು ಏನು ಮಾಡಿದರೂ ನನಗೆ ವ್ಯತ್ಯಾಸವೇ ಇಲ್ಲ. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಅನ್ನುವ ಪೈಪೋಟಿ ಇಲ್ಲಿಗೆ ನಿಂತುಹೋಗುತ್ತದೆ. ತೂರಲು ಅವನಿಗೆ ಜಾಗವೇ ಉಳಿದಿಲ್ಲ.

ನನಗೆ ನಿಜಕ್ಕೂ ನಿದ್ದೆ ಕೆಡಿಸಿದ್ದು ಇದರ ಮುಂದಿನ ಹೆಜ್ಜೆ. ನನ್ನ ತಂಡಕ್ಕೆ ಭಾರಿ ರಿಸೀವರ್ ಒಬ್ಬ ಬಂದ ಅಂದುಕೊಳ್ಳಿ. ರನ್ ಕಾಯುವವನ ಎದುರು ಪಾಸ್ ಈಗ 9 ಗಜದ ಬದಲು 14 ಗಜ ಕೊಡುತ್ತದೆ. ಉಳಿದ ಅಂಕಿಗಳು ಹಾಗೇ ಇವೆ. ಪಾಸ್ ಜಾಸ್ತಿ ಮಾಡಬೇಕೋ, ಕಡಿಮೆಯೋ? ಯಾರನ್ನು ಕೇಳಿದರೂ ಜಾಸ್ತಿ ಅಂತಾರೆ. ಅಕ್ಕನ ಮಗನೂ ಹಾಗೇ ಅಂದ. ಲೆಕ್ಕ ಹಾಕಿ. ಮೊದಲಿನ ಹಾಗೇ ಮೂರು ಪಾಸ್ ಇಟ್ಟುಕೊಂಡರೆ ಅವನು ಪಾಸ್ ಕಾಯುತ್ತಾ ಕೂತು ನನ್ನನ್ನು ಅದೇ 41ಕ್ಕೆ ಕಟ್ಟಿಹಾಕುತ್ತಾನೆ. ಹೊಸ ರಿಸೀವರ್ ಬಂದೂ ದಂಡ. ಎರಡು ಪಾಸು, ಎಂಟು ರನ್ನು ಮಾಡಿದರೆ? ರನ್ ಕಾದರೆ 28 ಮತ್ತು 16, ಅಂದರೆ 44. ಪಾಸ್ ಕಾದರೆ 4 ಮತ್ತು 40. ಮತ್ತೆ 44. ಈ ಲೆಕ್ಕದಲ್ಲಿ ಪಾಸ್ ಬಲವಾದಷ್ಟೂ ಅದನ್ನು ಕಡಿಮೆ ಮಾಡಬೇಕು!

ಯಾಕೆ ಹೀಗೆ? ಆ ರಿಸೀವರ್‌ಗೆ ಹೆದರಿ ಎದುರಾಳಿ ಮೊದಲಿಗಿಂತ ಜಾಸ್ತಿ ಸಲ ಪಾಸ್ ಕಾಯಬೇಕಾಗುತ್ತದೆ. ಹತ್ತರಲ್ಲಿ ಏಳು ಸಲ ಕಾಯುತ್ತಿದ್ದವನು ಎಂಟು ಸಲ ಕಾಯುತ್ತಾನೆ. ಆಗ ನೆಲದ ಮೇಲೆ ನುಗ್ಗಲು ಜಾಗ ಬಿಡುತ್ತದೆ. ಹೊಸ ಆಟಗಾರನ ಸಂಬಳ ವಸೂಲಾಗುವುದು ಅವನು ಹಿಡಿದ ಚೆಂಡಿನಿಂದಲೇ ಅಲ್ಲ, ಅವನಿಗೆ ಎಸೆಯದೇ ಇದ್ದ ಚೆಂಡಿನಿಂದಲೂ ಹೌದು. ಗೂಗ್ಲಿ ಹಾಕುವವನನ್ನು ನೋಡಿ. ಅವನ ಮಾಮೂಲಿ ಲೆಗ್ ಬ್ರೇಕಿಗೂ ವಿಕೆಟ್ ಬೀಳುವುದು ಗೂಗ್ಲಿಯ ಭಯದಿಂದ. (ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ನಿಜವಾದ ಪಂದ್ಯಗಳಲ್ಲಿ ಪಾಸ್ ಅರ್ಧಕ್ಕಿಂತ ಹೆಚ್ಚು. ನನ್ನ ಶೇ. 30, ಶೇ. 20ರ ಪಾಲನ್ನು ಹಾಗೇ ಎತ್ತಿಕೊಂಡು ಹೋಗಿ ಆಡಿ ಸೋತರೆ ನನ್ನನ್ನು ಬೈಬೇಡಿ. ಮುಖ್ಯ ಇರುವುದು ಲೆಕ್ಕದ ದಾರಿಯಲ್ಲಿ.)

ಪಾಲು ಗೊತ್ತಾದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಮೂರು ಪಾಸು, ಏಳು ರನ್ನು ಯಾವ ಸರದಿಯಲ್ಲಿ? ಸರದಿ ಇರಲೇಬಾರದು. ನಮಗೆ ಕಷ್ಟವಾಗುವುದೇ ಅಲ್ಲಿ. ನಾಣ್ಯ ಚಿಮ್ಮಿದಾಗ ಹೇಗೆ ಬೀಳಬಹುದು ಅಂತ ಸುಮ್ನೆ ಮನಸ್ಸಿನಿಂದಲೇ ಬರೆಯಲು ಯಾರಿಗಾದರೂ ಹೇಳಿ. ತಲೆ, ಬಾಲ, ತಲೆ, ತಲೆ, ಬಾಲ ಅಂತ ಬೇಗಬೇಗ ಬದಲಿಸುತ್ತಾರೆ. ನಿಜವಾದ ನಾಣ್ಯ ಎಗ್ಗಿಲ್ಲದೆ ಐದಾರು ಸಲ ತಲೆಯನ್ನೇ ತೋರಿಸುತ್ತದೆ. ನಮಗೆ ಅಷ್ಟು ಧೈರ್ಯ ಬರುವುದಿಲ್ಲ. ಹೊಟ್ಟೆಪಾಡಿಗೆ ಆಡುವವರೂ ಇದಕ್ಕೆ ಹೊರತಲ್ಲ. ವಿಂಬಲ್ಡನ್ ಆಟಗಾರರ ಸರ್ವ್‌ಗಳನ್ನು ಮಾರ್ಕ್ ವಾಕರ್ ಮತ್ತು ಜಾನ್ ವುಡರ್ಸ್ ಎಂಬ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ 2001ರಲ್ಲಿ ಬರೆದರು. ಎಡಕ್ಕೆಷ್ಟು, ಬಲಕ್ಕೆಷ್ಟು ಅನ್ನುವ ಪಾಲು ಸಿದ್ಧಾಂತ ಹೇಳಿದ ಹಾಗೇ ಇತ್ತು. ಆದರೆ ದಿಕ್ಕು ಬದಲಿಸುವುದು ಬೇಕಾದ್ದಕ್ಕಿಂತ ಜಾಸ್ತಿ ಆಗಿತ್ತು. 2009ರಲ್ಲಿ ಕೆನೆತ್ ಕೊವಾಶ್ ಮತ್ತು ಸ್ಟೀವನ್ ಲೆವಿಟ್ ಎನ್‌ಎಫ್‌ಎಲ್ ಪ್ಲೇಗಳನ್ನು ನೋಡಿದರು. ಅಲ್ಲೂ ಅದೇ ಚಾಳಿ. ಈಗ ಮಾಡಿದ್ದನ್ನು ಮತ್ತೆ ಮಾಡಲು ಹಿಂಜರಿಕೆ. ಅಷ್ಟೇ ಅಲ್ಲ, ಪಾಸ್ ಮಾಡಬೇಕಾದಷ್ಟು ಮಾಡುತ್ತಿಲ್ಲ ಅಂತಲೂ ಅವರಿಗೆ ಕಂಡಿತು.

ಸೋಫಾದ ಮೇಲೆ ಇದನ್ನು ಹಿಡಿಯುವುದು ಇನ್ನೂ ಸುಲಭ. ಒಂದು ಪಾಸ್ ಕೆಟ್ಟರೆ ನಾನು ಮುಂದಿನದು ರನ್ ಮಾಡುತ್ತೇನೆ ಅಂತ ಅಕ್ಕನ ಮಗನಿಗೆ ಎರಡೇ ದಿನದಲ್ಲಿ ಗೊತ್ತಾಗಿತ್ತು. ಸಾಲದ್ದಕ್ಕೆ ಅವನ ಒಂದು ಕಣ್ಣು ಸದಾ ನನ್ನ ಹೆಬ್ಬೆರಳ ಮೇಲೆ, ಯಾವ ಬಟನ್ ಕಡೆ ಹೋಗುತ್ತದೆ ಅಂತ.

ಇದಕ್ಕೆ ಮದ್ದು ಗಡಿಯಾರ. ಪ್ಲೇ ಆರಿಸುವ ಹೊತ್ತಿಗೆ ಸೆಕೆಂಡಿನ ಕೊನೆಯ ಅಂಕಿ ನೋಡಿ. 0, 1, 2 ಆದರೆ ಪಾಸ್, 3ರಿಂದ 9 ಆದರೆ ರನ್. ಮೂರು, ಏಳರ ಪಾಲು ತಾನಾಗಿ ಬರುತ್ತದೆ, ಸರದಿ ಮಾತ್ರ ನಿಮಗೂ ಗೊತ್ತಿರುವುದಿಲ್ಲ. ಆದರೆ ಟೀವಿ ಪರದೆಯ ಮೇಲಿನ ಗಡಿಯಾರ ಬೇಡ, ಅದನ್ನು ಅವನೂ ನೋಡುತ್ತಿರುತ್ತಾನೆ. ಕೈಗಡಿಯಾರ ವಾಸಿ.

ಅಂಕಿ ಹೇಳಿದ ಮೇಲೂ ಬಯಲು ಮಾಡಿಕೊಳ್ಳುವ ದಾರಿ ಇನ್ನೊಂದಿದೆ, ಆಟಗಾರರು ನಿಲ್ಲುವ ರೀತಿ. ರನ್ನಿಗೆ ಒಂದು ಥರ, ಪಾಸಿಗೆ ಒಂದು ಥರ ನಿಲ್ಲಿಸಿದರೆ ಗುಟ್ಟು ಅಲ್ಲೇ ರಟ್ಟು. ಅದಕ್ಕೇ ಒಂದೇ ಜೋಡಣೆಯಲ್ಲಿ ರನ್ನೂ ಪಾಸೂ ಎರಡೂ ಇರುವಂತೆ ಪ್ಲೇ ಆರಿಸಿಕೊಳ್ಳಬೇಕು. ಪ್ಲೇ ಆ್ಯಕ್ಷನ್ ಅನ್ನುವುದು ಇದರದೇ ಮುಂದುವರಿಕೆ. ಪಾಸ್ ಎಸೆಯುವ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಓಡುವವನ ಹೊಟ್ಟೆಗೆ ಒತ್ತಿದ ಹಾಗೆ ಮಾಡಿ, ಕೊಡದೆ ಹಿಂದಕ್ಕೆ ಎಳೆದುಕೊಂಡು ಎಸೆಯುತ್ತಾನೆ. ಎದುರು ತಂಡದಲ್ಲಿ ತಡೆಯಲು ನಿಂತ ಲೈನ್‌ಬ್ಯಾಕರ್ ರನ್ ಅಂದುಕೊಂಡು ಎರಡು ಹೆಜ್ಜೆ ಮುಂದೆ ಬಂದಿರುತ್ತಾನೆ. ಅವನ ಬೆನ್ನ ಹಿಂದೆ ಖಾಲಿಯಾದ ಆ ಜಾಗಕ್ಕೇ ಚೆಂಡು ಬೀಳುವುದು.

ಎಷ್ಟನೇ ಡೌನ್, ಇನ್ನೆಷ್ಟು ಗಜ ಬಾಕಿ ಅನ್ನುವುದರ ಮೇಲೆ ಪಾಲು ಬದಲಾಗುತ್ತದೆ. ಮೂರನೇ ಡೌನ್, 10 ಗಜ ಬಾಕಿ ಅಂದರೆ ಪಾಸ್ ಅಂತ ಮಗುವಿಗೂ ಗೊತ್ತು. ನನಗಿಷ್ಟ ಎರಡನೇ ಡೌನ್, ಒಂದೇ ಗಜ ಬಾಕಿ ಇರುವ ಹೊತ್ತು. ಎಲ್ಲರೂ ರನ್ ಕಾಯುತ್ತಾರೆ. ಉದ್ದಕ್ಕೆ ಎಸೆದು ತಪ್ಪಿದರೂ ಮೂರನೇ ಡೌನ್‌ನಲ್ಲಿ ಅದೇ ಒಂದು ಗಜ ಕಾದಿರುತ್ತದೆ. ನಾಲ್ಕನೇ ಡೌನ್‌ನಲ್ಲಿ ತಂಡಗಳು ಸಾಮಾನ್ಯವಾಗಿ ಚೆಂಡನ್ನು ಒದ್ದು ಕೈತೊಳೆದುಕೊಳ್ಳುತ್ತವೆ. ಡೇವಿಡ್ ರೋಮರ್ ಎಂಬ ಅರ್ಥಶಾಸ್ತ್ರಜ್ಞ 2006ರಲ್ಲಿ, ಇವರು ಒದೆಯುವುದು ಅತಿಯಾಯಿತು, ಆಡಿದ್ದರೆ ಲಾಭವಿತ್ತು ಅಂತ ತೋರಿಸಿಕೊಟ್ಟ. ವಿಡಿಯೋ ಗೇಮಿನ ಹುಡುಗರಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ತಪ್ಪಿದರೆ ಅವರ ಕೆಲಸ ಹೋಗಲ್ಲವಲ್ಲ.

ಕೋಚ್‌ಗಳಿಗೆ ಹೋಗುತ್ತದೆ, ಕನಿಷ್ಠ ಮರ್ಯಾದೆಯಾದರೂ. 2015ರ ಫೆಬ್ರುವರಿ 1ರ ಸೂಪರ್ ಬೌಲ್, ಎನ್‌ಎಫ್‌ಎಲ್‌ನ ಫೈನಲ್. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ 28, ಸಿಯಾಟಲ್ ಸೀಹಾಕ್ಸ್ 24. ಉಳಿದಿದ್ದು 26 ಸೆಕೆಂಡ್. ಸಿಯಾಟಲ್‌ಗೆ ಎರಡನೇ ಡೌನ್, ಟಚ್‌ಡೌನ್ ಗೆರೆಗೆ ಒಂದೇ ಗಜ. ಗೂಳಿಯಂತೆ ನುಗ್ಗುವ ಮಾರ್ಶಾನ್ ಲಿಂಚ್ ಪಕ್ಕದಲ್ಲೇ ಇದ್ದಾನೆ. ಕರೆದಿದ್ದು ಪಾಸ್. ಮಾಲ್ಕಮ್ ಬಟ್ಲರ್ ಎಂಬ ಹೊಸ ಹುಡುಗ ಮುನ್ನುಗ್ಗಿ ಚೆಂಡು ಕಿತ್ತುಕೊಂಡ. ಕೋಚ್ ಪೀಟ್ ಕ್ಯಾರಲ್‌ಗೆ ಆಮೇಲೆ ಬಿದ್ದ ಬೈಗುಳಕ್ಕೆ ಲೆಕ್ಕವಿಲ್ಲ. ಆದರೆ ಸಿಯಾಟಲ್ ಹತ್ತಿರ ಗಡಿಯಾರ ನಿಲ್ಲಿಸಲು ಒಂದೇ ಟೈಮ್ ಔಟ್ ಇತ್ತು. ರನ್ ಕೆಟ್ಟರೆ ಗಡಿಯಾರ ಓಡುತ್ತಲೇ ಇರುತ್ತದೆ, ಪಾಸ್ ನೆಲಕ್ಕೆ ಬಿದ್ದರೆ ನಿಲ್ಲುತ್ತದೆ. ಮೊದಲು ಪಾಸ್ ಮಾಡಿದರೆ ಮೂರು ಪ್ರಯತ್ನಕ್ಕೆ ಆರಾಮಾಗಿ ಸಮಯವಿತ್ತು. ಎಲ್ಲರೂ ಲಿಂಚ್ ಬರುತ್ತಾನೆ ಅಂತ ಕಾಯುತ್ತಿರುವಾಗ ಪಾಸ್ ಕರೆದದ್ದನ್ನು ಮೂರ್ಖತನ ಅನ್ನಲು ನನಗೆ ಮನಸ್ಸಿಲ್ಲ. ಬಟ್ಲರ್ ಅದೇ ಪ್ಲೇಯನ್ನು ಅಭ್ಯಾಸದಲ್ಲಿ ಎದುರಿಸಿ ಸೋತಿದ್ದ, ಎರಡನೇ ಸಲ ಸೋಲಲಿಲ್ಲ.

ಒಂದು ಎಚ್ಚರಿಕೆ. ಗಡಿಯಾರದ ಲೆಕ್ಕ ಇನ್ಶೂರೆನ್ಸ್ ಇದ್ದ ಹಾಗೆ. ಎದುರಾಳಿ ಜಾಣನಾಗಿದ್ದರೆ ನಿಮ್ಮನ್ನು ಕಾಯುತ್ತದೆ, ಅವನು ಪೆದ್ದನಾಗಿದ್ದರೆ ಅವನನ್ನೂ ಕಾಯುತ್ತದೆ. ಪ್ರತಿ ಸಲ ಪಾಸನ್ನೇ ಕಾಯುತ್ತಾ ಕೂತವನ ಎದುರು ಗಡಿಯಾರ ಯಾಕೆ? ಹತ್ತೂ ಸಲ ರನ್ ಮಾಡಿ 50 ಗಜ ಬಾಚಿಕೊಳ್ಳಿ. ಅವನು ಎಚ್ಚರಾದ ಮೇಲೆ ಮತ್ತೆ ಗಡಿಯಾರ.

ಊರಿಗೆ ಹೊರಡುವ ಹಿಂದಿನ ದಿನ ಕೊನೆಯ ಆಟ. ಅವನಿಗಿಂತ ಮೂರು ಪಾಯಿಂಟ್ ಹಿಂದಿದ್ದೆ. ಎರಡನೇ ಡೌನ್, ಆರು ಗಜ ಬಾಕಿ. ನಾನು ಎಸೆದ ಹಿಂದಿನ ಎರಡು ಪಾಸೂ ಕೆಟ್ಟಿದ್ದವು. ನನ್ನ ಜೀವವೆಲ್ಲ ಈಗ ರನ್ ಮಾಡು ಅನ್ನುತ್ತಿತ್ತು. ಮೊಣಕೈ ಮಡಚಿ ಕೈಗಡಿಯಾರ ನೋಡಿದೆ.

“ಎಲ್ಲಾದ್ರೂ ಹೋಗ್ಬೇಕಾ ಮಾಮ?”

“ಇಲ್ಲಪ್ಪ” ಅಂದೆ. 41 ಸೆಕೆಂಡ್. ಕೊನೆಯ ಅಂಕಿ ಒಂದು. ಮತ್ತೆ ಎಸೆದೆ.