ಪಾರ್ಕಿಂಗ್ ಜಾಗದ 3.6 ಮೀಟರ್: ಶಿಫಾರಸಿನಿಂದ ಕಡ್ಡಾಯದತ್ತ

ಸುಗಮ್ಯತೆಯ, ಅಂದರೆ ಅಂಗವಿಕಲರು ಅಡೆತಡೆಯಿಲ್ಲದೆ ಓಡಾಡಿ ಬಳಸುವಂತಿರುವುದರ ಮಾನದಂಡಗಳು ಬರೀ ಶಿಫಾರಸಾಗಿ ಉಳಿದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಉದ್ದೇಶ ಈಡೇರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ಹೇಳಿತು. ರಾಜೀವ್ ರತೂರಿ ಪ್ರಕರಣದ ಆ ತೀರ್ಪು, ಈ ಮಾನದಂಡಗಳನ್ನು ಹೆಸರಿಸುವ ಅಂಗವಿಕಲರ ಹಕ್ಕುಗಳ ನಿಯಮಾವಳಿಯ 15(1)ನೇ ನಿಯಮ ಮೂಲ ಕಾಯ್ದೆಗೆ ವಿರುದ್ಧವಾಗಿದೆ ಎಂದು ಸಾರಿತು. ಯಾವುದು ಕಡ್ಡಾಯ, ಯಾವುದು ಮಾರ್ಗದರ್ಶಿ ಎಂದು ಬೇರ್ಪಡಿಸಿ ಮೂರು ತಿಂಗಳೊಳಗೆ ಕಡ್ಡಾಯ ನಿಯಮಗಳನ್ನು ರೂಪಿಸಲು ಕೇಂದ್ರಕ್ಕೆ ಸೂಚಿಸಿತು. ಲಿಫ್ಟು, ಶೌಚಾಲಯ, ವೆಬ್‌ಸೈಟುಗಳ ಸಾಲಿನಲ್ಲಿ ಪಾರ್ಕಿಂಗ್ ಸಣ್ಣ ವಿಷಯದಂತೆ ಕಾಣುತ್ತದೆ. ಆದರೆ ವಾಹನದಿಂದ ಇಳಿದು ಕಟ್ಟಡದ ಬಾಗಿಲು ಮುಟ್ಟುವ ಆ ಕೆಲವೇ ಮೀಟರುಗಳಲ್ಲಿ ಸುಗಮ್ಯತೆ ಮತ್ತು ರಸ್ತೆ ಸುರಕ್ಷತೆ ಒಂದೇ ಪ್ರಶ್ನೆಯಾಗುತ್ತವೆ. ನಮ್ಮ ಕಾನೂನು ಇವೆರಡನ್ನೂ ಬೇರೆ ಬೇರೆ ಪುಸ್ತಕದಲ್ಲಿ ಬರೆದಿಟ್ಟಿದೆ. ಇಷ್ಟು ವರ್ಷಗಳ ತೊಡಕಿನ ಬೇರು ಇರುವುದು ಅಲ್ಲಿಯೇ.

ಈ ಎರಡೂ ಒಂದೇ ಎಂಬ ಅರಿವು ಹೊಸದಲ್ಲ. ಅಮೆರಿಕದಲ್ಲಿ 1961ರಲ್ಲಿ ಪ್ರಕಟವಾದ ಎ117.1 ಎಂಬ ಮೊದಲ ಸುಗಮ್ಯತಾ ಮಾನದಂಡ, ಅಕ್ಕಪಕ್ಕ ಬೇರೆ ಕಾರುಗಳಿರುವಲ್ಲಿ ಮೀಸಲು ಜಾಗ 12 ಅಡಿ ಅಗಲ ಇರಬೇಕು ಎಂದಿತು. ಅದೇ ಪುಟದಲ್ಲಿ ಇನ್ನೊಂದು ಮಾತೂ ಇತ್ತು: ಗಾಲಿಕುರ್ಚಿಯವರು, ಊರುಗೋಲಿನವರು ನಿಂತ ಕಾರುಗಳ ಹಿಂಬದಿಯಿಂದ ಸಾಗಬೇಕಾದ ಸ್ಥಿತಿ ಬರದಂತೆ ನಕ್ಷೆ ಮಾಡಬೇಕು. ಮುಂದಿನ ಬಹುತೇಕ ಕಾನೂನುಗಳು ಅಗಲದ ಲೆಕ್ಕವನ್ನು ಎತ್ತಿಕೊಂಡವು. ದಾರಿಯ ಮಾತನ್ನು ಅಷ್ಟೇ ಗಟ್ಟಿಯಾಗಿ ಹಿಡಿಯಲಿಲ್ಲ.

ಈಗ ಎಲ್ಲೆಡೆ ಕಾಣುವ ಗಾಲಿಕುರ್ಚಿಯ ಚಿಹ್ನೆ ಹುಟ್ಟಿದ್ದು 1968ರಲ್ಲಿ. ಬ್ರಿಟನ್ನಿನಲ್ಲಿ ಸಂಸದ ಆಲ್ಫ್ ಮೊರಿಸ್ ತಂದ ಖಾಸಗಿ ಮಸೂದೆ 1970ರಲ್ಲಿ ಕಾಯ್ದೆಯಾಯಿತು; ಅದರಡಿ ಮರುವರ್ಷ ಅಂಗವಿಕಲರ ಪಾರ್ಕಿಂಗ್‌ಗೆಂದು ಕಿತ್ತಳೆ ಬಣ್ಣದ ಬ್ಯಾಡ್ಜ್ ಜಾರಿಗೆ ಬಂತು, 2000ದಲ್ಲಿ ಅದು ನೀಲಿಯಾಯಿತು. ಆ ಬ್ಯಾಡ್ಜ್ ಕೊಡುವುದು ವ್ಯಕ್ತಿಗೆ, ವಾಹನಕ್ಕಲ್ಲ. ಮಗನ ಕಾರಿರಲಿ, ಟ್ಯಾಕ್ಸಿಯಿರಲಿ, ಬ್ಯಾಡ್ಜ್ ಉಳ್ಳವರು ಅದರಲ್ಲಿದ್ದರೆ ಸಾಕು. ಅಮೆರಿಕದಲ್ಲಿ 1990ರ ಕಾಯ್ದೆಯ ನಂತರ ಅಳತೆಗಳು ಬಿಗಿಯಾದವು: ಕಾರಿಗೆ 96 ಇಂಚು, ಪಕ್ಕದ ಪಟ್ಟೆ ಎಳೆದ ಖಾಲಿ ಜಾಗಕ್ಕೆ 60 ಇಂಚು, ಇಳಿಜಾರು 48ಕ್ಕೆ 1ನ್ನು ಮೀರುವಂತಿಲ್ಲ.

ನಮ್ಮಲ್ಲಿ 1995ರ ಅಂಗವಿಕಲರ ಕಾಯ್ದೆ ರಸ್ತೆಯ ಬಗ್ಗೆ ಮಾತಾಡಿತ್ತು. ಸಿಗ್ನಲ್‌ನಲ್ಲಿ ಶಬ್ದದ ಸೂಚನೆ, ಫುಟ್‌ಪಾತ್ ಅಂಚಿನಲ್ಲಿ ಇಳಿಜಾರು, ಜೀಬ್ರಾ ಕ್ರಾಸಿಂಗ್ ಮೇಲೆ ಸ್ಪರ್ಶಕ್ಕೆ ಸಿಗುವ ಗುರುತು, ಎಲ್ಲವೂ ಅದರ 45ನೇ ಸೆಕ್ಷನ್‌ನಲ್ಲಿದ್ದವು. ಆದರೆ ಸರ್ಕಾರಗಳ ‘ಆರ್ಥಿಕ ಸಾಮರ್ಥ್ಯ ಮತ್ತು ಅಭಿವೃದ್ಧಿಯ ಮಿತಿಯೊಳಗೆ’ ಎಂಬ ಷರತ್ತೂ ಜತೆಗಿತ್ತು. ಅದೊಂದೇ ಸಾಲು ಇಡೀ ಸೆಕ್ಷನ್ನಿನ ಹಲ್ಲು ಕಿತ್ತಿತು.

2016ರ ಹೊಸ ಕಾಯ್ದೆ ಆ ಷರತ್ತಿನ ಆಸರೆಯನ್ನು ತೆಗೆದು, ಬಸ್ ನಿಲ್ದಾಣ, ರೈಲು ನಿಲ್ದಾಣ, ವಿಮಾನ ನಿಲ್ದಾಣಗಳ ಪಾರ್ಕಿಂಗ್ ಅನ್ನು 41ನೇ ಸೆಕ್ಷನ್‌ನಲ್ಲಿ ಹೆಸರಿಸಿಯೇ ಸೇರಿಸಿತು. ಮಾನದಂಡ ಪಾಲಿಸದ ನಕ್ಷೆಗೆ ಅನುಮತಿ ಇಲ್ಲ, ಅಂಥ ಕಟ್ಟಡಕ್ಕೆ ಪೂರ್ಣತಾ ಪ್ರಮಾಣಪತ್ರವಿಲ್ಲ ಎಂದಿತು 44ನೇ ಸೆಕ್ಷನ್. ಉಲ್ಲಂಘನೆಗೆ ಮೊದಲ ಸಲ 10,000 ರೂಪಾಯಿವರೆಗೆ, ಆಮೇಲೆ 50,000ದಿಂದ 5 ಲಕ್ಷದವರೆಗೆ ದಂಡ. ಹಳೆಯ ಸಾರ್ವಜನಿಕ ಕಟ್ಟಡಗಳಿಗೆ ನಿಯಮ ಪ್ರಕಟವಾದ ದಿನದಿಂದ ಐದು ವರ್ಷದ ಗಡುವು. ಅದು 2022ರ ಜೂನ್‌ಗೆ ಮುಗಿಯಿತು. ಅಳತೆಗಳು ಮಾತ್ರ ಕೇಂದ್ರದ 2016ರ ಮಾರ್ಗಸೂಚಿಯಲ್ಲಿದ್ದವು, ಅದೂ ‘ಇದ್ದರೆ ಒಳ್ಳೆಯದು’ ಎಂಬ ಧಾಟಿಯಲ್ಲಿ. ಕೋರ್ಟು ಬೊಟ್ಟು ಮಾಡಿದ್ದು ಈ ಬಿರುಕಿಗೆ: ದಂಡ ಕಾಯ್ದೆಯಲ್ಲಿದೆ, ಆದರೆ ಯಾವ ಅಳತೆ ತಪ್ಪಿದರೆ ದಂಡ ಎಂಬುದು ಎಲ್ಲೂ ಕಡ್ಡಾಯವಾಗಿರಲಿಲ್ಲ.

ಆ ಮಾರ್ಗಸೂಚಿಯ ಪ್ರಕಾರ ಮೀಸಲು ಜಾಗ 3,600 ಮಿಲಿಮೀಟರ್ ಅಗಲ, 5,000 ಮಿಲಿಮೀಟರ್ ಉದ್ದ. ಪ್ರವೇಶದ್ವಾರದಿಂದ 30 ಮೀಟರ್ ಒಳಗೆ ಇರಬೇಕು. ಅಷ್ಟು ಅಗಲ ಏಕೆಂದು ಕೇಳುವವರು ಒಮ್ಮೆ ಇಳಿಯುವ ಕ್ರಮ ನೋಡಬೇಕು. ಕಾರಿನ ಬಾಗಿಲು ಪೂರ್ತಿ ತೆರೆಯಬೇಕು. ಮಡಚಿಟ್ಟ ಗಾಲಿಕುರ್ಚಿಯನ್ನು ಹೊರಗೆಳೆದು ಬಿಡಿಸಿ, ಸೀಟಿಗೆ ಓರೆಯಾಗಿ ನಿಲ್ಲಿಸಿ, ಎರಡೂ ಚಕ್ರಕ್ಕೆ ಬ್ರೇಕ್ ಹಾಕಿ, ಕೈಗಳ ಮೇಲೆ ಮೈಭಾರ ಬಿಟ್ಟು ಅದಕ್ಕೆ ಜರುಗಬೇಕು. ಆಮೇಲೆ ಕುರ್ಚಿಯನ್ನು ಹಿಂದೆ ಸರಿಸಿ, ತಿರುಗಿಸಿ, ಬಾಗಿಲು ಮುಚ್ಚಬೇಕು. ಇಷ್ಟಕ್ಕೆ ಕಾರಿನ ಪಕ್ಕದಲ್ಲಿ 1.2 ಮೀಟರ್ ಬೇಕೇ ಬೇಕು. ನೆಲ ಒಂದು ಬದಿಗೆ ವಾಲಿದ್ದರೆ ಬ್ರೇಕ್ ಹಾಕಿದ ಕುರ್ಚಿಯೂ ಜರುಗುವ ಹೊತ್ತಿನಲ್ಲಿ ಜಾರುತ್ತದೆ ಇಲ್ಲವೇ ಮಗುಚುತ್ತದೆ. ಹೀಗಾಗಿ ಮಳೆನೀರು ಹರಿಯಲೆಂದು ಕೊಡುವ ಇಳಿಜಾರೂ ಶೇ 2ರ ಆಸುಪಾಸಿನಲ್ಲೇ ಇರಬೇಕು.

ಕೆಡುವುದು ಸಾಮಾನ್ಯವಾಗಿ ಈ 1.2 ಮೀಟರಿನಲ್ಲೇ. ಪಟ್ಟೆ ಎಳೆದ ಜಾಗ ಖಾಲಿ ಬಿದ್ದಿದೆ ಎಂದುಕೊಂಡು ಯಾರೋ ಬೈಕ್ ನಿಲ್ಲಿಸುತ್ತಾರೆ. ಕಾರಿನಿಂದ ಇಳಿದು ಹೋದವರು ಮರಳಿ ಬಂದಾಗ ತಮ್ಮದೇ ವಾಹನ ಹತ್ತಲಾರರು. ಪಕ್ಕಕ್ಕೆ ಹೆಚ್ಚುವರಿ ಚಕ್ರ ಜೋಡಿಸಿದ ಸ್ಕೂಟರಿನವರದು ಇನ್ನೊಂದು ಪಾಡು. ಸಾಮಾನ್ಯ ದ್ವಿಚಕ್ರದ ಸಾಲಿನಲ್ಲಿ ಅದು ಹಿಡಿಸುವುದಿಲ್ಲ, ಕಾರಿನ ಮೀಸಲು ಜಾಗಕ್ಕೆ ಕಾವಲುಗಾರ ಬಿಡುವುದಿಲ್ಲ. ಹೊಸ ನಿಯಮದಲ್ಲಿ ಇಂಥ ಸ್ಕೂಟರಿಗೆ ಪ್ರತ್ಯೇಕ ಅಳತೆ ಇರಲೇಬೇಕು. ಪಾರ್ಕಿಂಗ್ ಎಂದರೆ ಕಾರು ಮಾತ್ರ ಎಂಬ ಊಹೆ ನಮ್ಮ ರಸ್ತೆಗಳಿಗೆ ಹೊಂದುವುದಿಲ್ಲ.

ಫುಟ್‌ಪಾತಿನ ಲೆಕ್ಕವೂ ಹೀಗೆಯೇ ತಪ್ಪುತ್ತದೆ. 12ಕ್ಕೆ 1ರ ಇಳಿಜಾರಿನಲ್ಲಿ 150 ಮಿಲಿಮೀಟರ್ ಎತ್ತರದ ಅಂಚು ಇಳಿಯಲು 1.8 ಮೀಟರ್ ಉದ್ದದ ರ‍್ಯಾಂಪ್ ಬೇಕು. ಫುಟ್‌ಪಾತೇ 2 ಮೀಟರ್ ಅಗಲವಿದ್ದರೆ ಮೇಲೆ ತಿರುಗಲು ಸಮತಟ್ಟು ಜಾಗ ಉಳಿಯುವುದಿಲ್ಲ. ಆಗ ಗುತ್ತಿಗೆದಾರರು ರ‍್ಯಾಂಪನ್ನು ಕಡಿದಾಗಿಸುತ್ತಾರೆ, ಇಲ್ಲವೇ ಪಟ್ಟೆ ಎಳೆದ ಜಾಗದೊಳಕ್ಕೇ ಚಾಚುತ್ತಾರೆ. ಎರಡೂ ತಪ್ಪು. ಆ ಭಾಗದಲ್ಲಿ ಫುಟ್‌ಪಾತನ್ನೇ ತಗ್ಗಿಸುವುದು ಸರಿಯಾದ ಪರಿಹಾರ. ಬೈಕ್ ತಡೆಯಲು ನೆಡುವ ಕಂಬಗಳ ನಡುವೆ ಕನಿಷ್ಠ 900 ಮಿಲಿಮೀಟರ್ ಬಿಡದಿದ್ದರೆ ಗಾಲಿಕುರ್ಚಿಯೇ ಅಲ್ಲಿ ಸಿಕ್ಕಿಕೊಳ್ಳುತ್ತದೆ.

ರಸ್ತೆ ಬದಿಯ ಪಾರ್ಕಿಂಗ್ ಇನ್ನೂ ಅಪಾಯದ್ದು. ನಾವು ಎಡಕ್ಕೆ ಓಡಿಸುವವರು, ಚಾಲಕರ ಸೀಟು ಬಲಕ್ಕೆ. ಎಡ ಅಂಚಿಗೆ ಸಮಾನಾಂತರವಾಗಿ ನಿಲ್ಲಿಸಿದರೆ ತಾವೇ ಕಾರು ಓಡಿಸುವ ಅಂಗವಿಕಲರು ಕುರ್ಚಿ ಬಿಡಿಸಬೇಕಾದದ್ದು ವಾಹನಗಳು ನುಗ್ಗುವ ಬದಿಯಲ್ಲಿ. ಇದನ್ನು ಬಣ್ಣ ಬಳಿದು ಸರಿಪಡಿಸಲಾಗದು. ಫುಟ್‌ಪಾತನ್ನು ಒಳಕ್ಕೆ ಸರಿಸಿ ಜಾಗವನ್ನು ಅಗಲಿಸಬೇಕು, ಇಲ್ಲವೇ ಅಡ್ಡರಸ್ತೆಯ ನಿಧಾನ ಸಂಚಾರದ ಕಡೆಗೆ ಒಯ್ಯಬೇಕು. ರಸ್ತೆ ದಾಟುವಾಗಲೂ ಗಾಲಿಕುರ್ಚಿಯಲ್ಲಿ ಕೂತವರ ತಲೆ, ನಿಂತ ದೊಡ್ಡ ಎಸ್‌ಯುವಿಯ ಮರೆಯಲ್ಲಿ ಕಾಣುವುದೇ ಇಲ್ಲ. ಕ್ಯಾಲಿಫೋರ್ನಿಯಾ ಪಾದಚಾರಿಗಳಿಗೆ ಇಂಥ ಮರೆ ತಪ್ಪಿಸಲೆಂದು 2023ರಲ್ಲಿ ಕಾನೂನು ಮಾಡಿ, ವಾಹನ ಬರುವ ದಿಕ್ಕಿನಲ್ಲಿ ಕ್ರಾಸಿಂಗ್‌ಗೆ ಮುಂಚಿನ 20 ಅಡಿಯಲ್ಲಿ ಪಾರ್ಕಿಂಗ್ ನಿಷೇಧಿಸಿತು.

ನಮ್ಮ ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿ 198ಎ ಸೆಕ್ಷನ್ ಸೇರಿಸಿತು. ರಸ್ತೆಯ ವಿನ್ಯಾಸ, ನಿರ್ಮಾಣ ಅಥವಾ ನಿರ್ವಹಣೆಯಲ್ಲಿ ನಿಗದಿತ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಹೊಣೆ ಹೊತ್ತ ಪ್ರಾಧಿಕಾರ, ಗುತ್ತಿಗೆದಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ. ಒಳ್ಳೆಯ ಹೆಜ್ಜೆಯೇ. ಆದರೆ ಅದು ಎಚ್ಚರಗೊಳ್ಳುವುದು ಒಬ್ಬರ ಜೀವವೋ ಕಾಲೋ ಹೋದ ಮೇಲೆ. ಅಂಗವಿಕಲರ ಕಾಯ್ದೆಯ 44ನೇ ಸೆಕ್ಷನ್ ಮೊದಲೇ ತಡೆಯಬಲ್ಲದು, ಆದರೆ ಅದರ ಕೈ ಕಟ್ಟಡದಾಚೆಯ ರಸ್ತೆಗೆ ಚಾಚುವುದಿಲ್ಲ.

ಹಾಗಾಗಿ ಕಡ್ಡಾಯ ನಿಯಮ ಜಾಗದ ಅಳತೆಗೇ ನಿಲ್ಲದೆ ಅಲ್ಲಿಂದ ಬಾಗಿಲಿನವರೆಗಿನ ದಾರಿಯನ್ನೂ ಹಿಡಿಯಬೇಕು. ಪೂರ್ಣತಾ ಪ್ರಮಾಣಪತ್ರಕ್ಕೆ ಮುನ್ನ ಟೇಪು, ಇಳಿಜಾರು ಅಳೆಯುವ ಮಟ್ಟಗೋಲು ಹಿಡಿದು ನಾಲ್ಕು ಕಡೆ ಅಳೆದರೆ ಸಾಕು: ಪಟ್ಟೆಯ ಅಗಲ, ನೆಲದ ವಾಲು, ರ‍್ಯಾಂಪಿನ ಉದ್ದ, ಕಂಬಗಳ ಅಂತರ. ಜಾಗ ಅತಿಕ್ರಮಿಸಿದವರನ್ನು ಹಿಡಿಯಲು ಗಾಜಿನ ಮೇಲಿಡುವ ಕಾರ್ಡೂ ಬೇಕು. ಅಂಗವಿಕಲರಿಗೆ ಸರ್ಕಾರ ಕೊಡುವ ಈಗಿನ ಯುಡಿಐಡಿ ಗುರುತಿನ ಕಾರ್ಡ್ ವ್ಯಕ್ತಿಯ ಜೇಬಿನಲ್ಲಿರುತ್ತದೆ. ದಂಡ ಬರೆಯಬೇಕಾದ ಪೊಲೀಸರಿಗೆ ನಿಂತ ವಾಹನ ನೋಡಿ ಅದು ಯಾರದೆಂದು ತಿಳಿಯುವುದಿಲ್ಲ.